ನೋಟಕ್ಕೆ ದಡ, ನಿದ್ದೆಗೆ ಗುಡ್ಡ

ಕಾಂಪೌಂಡ್ ಗೋಡೆ ಕಟ್ಟಿಸುವಾಗ ಎಲ್ಲರೂ ಕಳ್ಳರ ಹೆಸರು ಹೇಳುತ್ತಾರೆ. ಅದರ ನಿಜವಾದ ಉಪಯೋಗ ಬೇರೆ. ಮೊಣಕೈ ಊರಿ ನಿಂತು ಮಾತಾಡಲು ಅಷ್ಟು ಹದವಾದ ಎತ್ತರದ ವಸ್ತುವನ್ನು ಮನುಷ್ಯ ಇನ್ನೊಂದು ಕಟ್ಟಿಲ್ಲ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆಗೂ ಪಕ್ಕದ ಮೇಷ್ಟ್ರ ಮನೆಗೂ ನಡುವೆ ಅಂಥದೊಂದು ಗೋಡೆಯಿದೆ. ಮೇಷ್ಟ್ರು ಹೈಸ್ಕೂಲಿನಲ್ಲಿ ಭೂಗೋಳ ಹೇಳಿ ನಿವೃತ್ತರಾದವರು. ನಾನು ಕೆಲವು ವರ್ಷ ಜರ್ಮನಿಯ ಮೈಂಟ್ಸ್‌ನಲ್ಲಿದ್ದು ಬಂದವನು. ಅವರ ಮಗ ಈಗ ಫ್ರಾಂಕ್‌ಫರ್ಟ್‌ನಲ್ಲಿದ್ದಾನೆ. ಇಷ್ಟು ಸಾಲದೇ, ಬೆಳಗಿನ ಕಾಫಿ ಆರಿಹೋಗುವುದಕ್ಕೆ?

"ಅಲ್ಲಯ್ಯಾ, ನಮ್ಮ ಹುಡುಗ ಟೆಂಟ್ ತಗೊಂಡಿದ್ದಾನಂತೆ. ಜೂನ್‌ನಲ್ಲಿ ಬನ್ನಿ, ರೈನ್ ಕಣಿವೇಲಿ ಹೋಗಿ ಮಲಗೋಣ ಅಂತಾನೆ. ತಿಂಗಳು ತಿಂಗಳು ಮನೆಗೆ ಅಷ್ಟು ಬಾಡಿಗೆ ಕಟ್ಟಿ, ಅದಕ್ಕೆ ಬೀಗ ಹಾಕಿ, ದುಡ್ಡು ಕೊಟ್ಟು ಹುಲ್ಲಿನ ಮೇಲೆ ಮಲಗೋದು ಯಾವ ಊರಿನ ನ್ಯಾಯ?"

"ಜರ್ಮನಿಯದೇ ನ್ಯಾಯ ಮೇಷ್ಟ್ರೇ. ಬೇಸಿಗೆ ಬಂತು ಅಂದ್ರೆ ಅರ್ಧ ದೇಶ ಗಾಡಿ ಹಿಂದೆ ಮನೆ ಕಟ್ಟಿಕೊಂಡು ಹೊರಡುತ್ತೆ."

"ಅದಿರಲಿ, ಒಳ್ಳೆ ಜಾಗ ಯಾವುದು? ಅದನ್ನ ಹೇಳು."

ಈ ಪ್ರಶ್ನೆ ಕೇಳುವುದು ಸುಲಭ. ರೈನ್ ಕಣಿವೆ ಎಂದು ಎಲ್ಲರೂ ಕರೆಯುವುದು ಬಿಂಗನ್‌ನಿಂದ ಕೊಬ್ಲೆಂಟ್ಸ್‌ವರೆಗಿನ 65 ಕಿಲೋಮೀಟರನ್ನು. ಅಲ್ಲಿ ನದಿ ಬೆಟ್ಟಗಳ ನಡುವೆ ದಾರಿ ಕೊರೆದುಕೊಂಡು ಹೋಗುತ್ತದೆ. ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತರೆ ಎಡಕ್ಕೆ ಹುನ್ಸ್‌ರ್ಯೂಕ್, ಬಲಕ್ಕೆ ಟೌನುಸ್. ಕಡಿದಾದ ಇಳಿಜಾರಿನಲ್ಲಿ ದ್ರಾಕ್ಷಿ ತೋಟ, ಗುಡ್ಡದ ನೆತ್ತಿಯಲ್ಲಿ ಕೋಟೆ, ಒಂದಲ್ಲ ಎರಡಲ್ಲ, ಸುಮಾರು ನಲವತ್ತು. ಕೌಬ್ ಊರಿನ ಹತ್ತಿರವಂತೂ ನದಿಯ ನಡುಗಡ್ಡೆಯ ಮೇಲೆಯೇ ಒಂದು ಕೋಟೆ ನಿಂತಿದೆ, ಫಾಲ್ಜ್‌ಗ್ರಾಫೆನ್‌ಸ್ಟೈನ್ ಅಂತ. 14ನೇ ಶತಮಾನದಲ್ಲಿ ದೋಣಿಗಳಿಂದ ಸುಂಕ ವಸೂಲಿಗೆಂದೇ ಕಟ್ಟಿದ್ದು. ಯುನೆಸ್ಕೊ 2002ರಲ್ಲಿ ಇಡೀ ಕಣಿವೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

"ಕಲ್ಲು ಯಾವುದು?" ಮೇಷ್ಟ್ರ ಮೊದಲ ಪ್ರಶ್ನೆ ಯಾವಾಗಲೂ ಇದೇ.

"ಸ್ಲೇಟ್."

"ನಾವು ಬಳಪದಲ್ಲಿ ಬರೀತಿದ್ವಲ್ಲ, ಅದೇನಾ? ಹಾಗಾದ್ರೆ ಗೂಟ ಹೇಗಯ್ಯಾ ಇಳಿಯುತ್ತೆ?"

ಮೇಷ್ಟ್ರು ಅಂದರೆ ಮೇಷ್ಟ್ರು. ಟೆಂಟಿನ ಜೊತೆ ಬರುವ ತೆಳ್ಳನೆ ಅಲ್ಯೂಮಿನಿಯಂ ಗೂಟ ಅಂಥ ಗಟ್ಟಿ ನೆಲಕ್ಕೆ ಬಗ್ಗಿ ನಮಸ್ಕಾರ ಹಾಕುತ್ತದೆ. ಉಕ್ಕಿನ ಗೂಟ, ಒಂದು ಸುತ್ತಿಗೆ ಜೊತೆಗಿರಲಿ ಎಂದೆ. ಮೇಷ್ಟ್ರು ಒಳಗೆ ಹೋಗಿ ಹಳೆಯ ಡೈರಿ ತಂದರು. ಇನ್ನು ಮೇಲೆ ನಾನು ಹೇಳಿದ್ದೆಲ್ಲ ದಾಖಲೆ.

"ಬರ್ಕೊಳ್ಳಿ ಮೇಷ್ಟ್ರೇ. ಆ ಕಣಿವೇಲಿ ಸಮನೆಲ ಅನ್ನೋದೇ ಕಡಿಮೆ. ನದಿಗೂ ಬೆಟ್ಟಕ್ಕೂ ಮಧ್ಯೆ ಇರೋ ಸಣ್ಣ ಪಟ್ಟಿಯಲ್ಲೇ ಊರು, ರಸ್ತೆ, ರೈಲು, ಟೆಂಟು ಎಲ್ಲ ಒತ್ತಿಕೊಂಡು ಕೂರಬೇಕು. ಎಡದಂಡೇಲಿ ಬಿ-9 ಹೆದ್ದಾರಿ, ಬಲದಂಡೇಲಿ ಬಿ-42. ರೈಲೂ ಎರಡೂ ಕಡೆ."

"ರೈಲು ಒಳ್ಳೇದೇ ಅಲ್ವೇ? ಹತ್ತಿಳಿಯಕ್ಕೆ ಅನುಕೂಲ."

"ಹಗಲಲ್ಲಿ ಅನುಕೂಲ. ರಾತ್ರಿ ಬರೋದು ಗೂಡ್ಸು."

ಎಡದಂಡೆಯ ಹಳಿ 1859ರದ್ದು, ಬಲದಂಡೆಯದು 1862ರದ್ದು. ರಾಟರ್‌ಡ್ಯಾಮ್ ಬಂದರಿನಿಂದ ಇಟಲಿಯ ಜಿನೋವಾದವರೆಗೆ ಸರಕು ಸಾಗುವ ಯುರೋಪಿನ ದೊಡ್ಡ ದಾರಿ ಇದೇ ಕಣಿವೆಯ ಮೂಲಕ ಹಾದುಹೋಗುತ್ತದೆ. ಅದರಲ್ಲೂ ಬಲದಂಡೆಯಲ್ಲಿ ಗೂಡ್ಸ್ ರೈಲಿನದೇ ದರ್ಬಾರು. ಒಂದು ದಡದ ಸದ್ದು ಎದುರು ದಡದ ಬಂಡೆಗೆ ಬಡಿದು ಮತ್ತೆ ಇತ್ತ ಬರುತ್ತದೆ, ಹಾಗಾಗಿ ಒಂದು ರೈಲಿಗೆ ಎರಡು ರೈಲಿನ ಗದ್ದಲ. ಊರವರು ವರ್ಷಗಟ್ಟಲೆ ಕೂಗಾಡಿದ ಮೇಲೆ, 2020ರ ಡಿಸೆಂಬರಿನಿಂದ ಎರಕದ ಕಬ್ಬಿಣದ ಬ್ರೇಕಿರುವ ಹಳೆಯ ಗಲಾಟೆ ವ್ಯಾಗನ್ನುಗಳನ್ನು ಜರ್ಮನಿ ನಿಷೇಧಿಸಿತು. ಕಬ್ಬಿಣದ ಬ್ರೇಕು ಚಕ್ರವನ್ನು ಉಜ್ಜಿ ಉಜ್ಜಿ ಒರಟು ಮಾಡುತ್ತದೆ, ಒರಟು ಚಕ್ರ ಹಳಿಯ ಮೇಲೆ ಅರಚುತ್ತದೆ. ಈಗ ಬ್ರೇಕು ಬದಲಾಗಿದೆ, ಅರಚಾಟ ತಗ್ಗಿದೆ. ರೈಲುಗಳ ಸಂಖ್ಯೆ ತಗ್ಗಿಲ್ಲ.

"ನಮಗೇನಯ್ಯಾ, ಅರಸೀಕೆರೆ ಜಂಕ್ಷನ್ ಪಕ್ಕದ ಕ್ವಾರ್ಟರ್ಸಲ್ಲಿ ಹುಟ್ಟಿ ಬೆಳೆದವರು ನಾವು" ಎಂದರು ಮೇಷ್ಟ್ರು.

"ನೀವು ಬೆಳೆದಿರಿ, ನಾನಲ್ಲ" ಎಂದು ಅಡುಗೆಮನೆ ಕಿಟಕಿಯಿಂದ ಅವರ ಮನೆಯವರ ದನಿ ಬಂತು. ನಾವೆಲ್ಲ ಅವರನ್ನು ಅಮ್ಮ ಎಂದೇ ಕರೆಯುವುದು. ಅಮ್ಮನ ನಿದ್ದೆ ಬಲು ಸೂಕ್ಷ್ಮ. ಪಕ್ಕದ ಬೀದಿಯ ನಾಯಿ ಮೈ ಕೊಡವಿದರೂ ಎಚ್ಚರ.

ಅಮ್ಮನಿಗೆ ಹೊಂದುವ ಜಾಗ ಯಾವುದೆಂದು ನಾನು ಒಂದೊಂದಾಗಿ ಹೇಳತೊಡಗಿದೆ. ಸಾಂಕ್ಟ್ ಗೋಆರ್ ಊರಿನಲ್ಲಿ ಲೊರೆಲೈ ಬಂಡೆಗೆ ನೇರ ಎದುರಾಗಿ, ನೀರಂಚಿಗೇ ಲೊರೆಲೈಬ್ಲಿಕ್ ಎಂಬ ಕ್ಯಾಂಪಿಂಗ್ ಮೈದಾನವಿದೆ. ಬಂಡೆ ನೀರಿನಿಂದ 132 ಮೀಟರ್ ಎತ್ತರ. ನದಿ ಅಲ್ಲಿ ಕಿರಿದಾಗಿ ತಿರುಗುತ್ತದೆ, ಸೆಳೆತ ಜೋರು, ಹಿಂದೆಲ್ಲ ದೋಣಿಗಳು ಒಡೆಯುತ್ತಿದ್ದವು. ಬಂಡೆಯ ಮೇಲೆ ಕೂತ ಹೆಣ್ಣೊಬ್ಬಳು ಹಾಡಿ ನಾವಿಕರನ್ನು ಮೈಮರೆಸುತ್ತಿದ್ದಳು ಅನ್ನುವ ಕತೆಯನ್ನು ಜರ್ಮನ್ ಕವಿ ಹೈನೆ 1824ರಲ್ಲಿ ಕವಿತೆ ಮಾಡಿದ. ಟೆಂಟಿನ ಬಾಗಿಲು ಸರಿಸಿದರೆ ಅದೇ ಬಂಡೆ ಕಣ್ಣೆದುರು. ಇನ್ನೂ ಮೇಲಕ್ಕೆ, ಬಾಖಾರಾಖ್‌ನಲ್ಲಿ ಜೋನ್ನೆನ್‌ಸ್ಟ್ರಾಂಡ್ ಇದೆ, ಅದೂ ದಡದಲ್ಲೇ. ಹಳೆಯ ಮರದ ಚೌಕಟ್ಟಿನ ಮನೆಗಳ ಊರಿಗೆ ನಡೆದೇ ಹೋಗಬಹುದು. ಇನ್ನೊಂದು ತುದಿಯಲ್ಲಿ, ಕೊಬ್ಲೆಂಟ್ಸ್‌ನಲ್ಲಿ ಮೊಸೆಲ್ ನದಿ ರೈನ್ ಸೇರುವ ಸಂಗಮದ ಆಚೆ ದಡದಲ್ಲಿ ವಿಶಾಲವಾದ ಮೈದಾನವಿದೆ. ಡಾಯ್ಚೆಸ್ ಎಕ್ ಎಂಬ ಆ ಮೂಲೆಯಲ್ಲಿ ಕುದುರೆಯ ಮೇಲೆ ಕೂತ ಕೈಸರ್ ವಿಲ್‌ಹೆಲ್ಮ್ ಕಾಣುತ್ತಾನೆ.

"ಸಂಗಮ ಅಂದ್ಯಲ್ಲ, ಸ್ನಾನ ಮಾಡಬಹುದೇ?" ಎಂದರು ಅಮ್ಮ.

"ಬೇಡಮ್ಮಾ. ಕಣಿವೆಯೊಳಗೆ ರೈನ್‌ಗೆ ಇಳಿಯೋದೇ ಬೇಡ. ದೊಡ್ಡ ಸರಕು ಹಡಗು ಹಾದುಹೋಗುವಾಗ ದಡದ ನೀರನ್ನ ಮೊದಲು ಒಳಕ್ಕೆ ಎಳೆಯುತ್ತೆ, ಆಮೇಲೆ ಅಲೆಯಾಗಿ ತಂದು ಬಿಸಾಡುತ್ತೆ. ಮೊಣಕಾಲುದ್ದ ನೀರಲ್ಲಿ ನಿಂತವರನ್ನೂ ಕೆಡವುತ್ತೆ. ಪ್ರೋಕ್ಷಣೆ ಸಾಕು."

ನೀರಿನ ಮಾತು ಬಂದ ಮೇಲೆ ಮಟ್ಟದ ಮಾತೂ ಬರಬೇಕು. ಕೌಬ್‌ನಲ್ಲಿ ಒಂದು ನೀರಿನ ಅಳತೆಗೋಲಿದೆ. ಆ ಕಣಿವೆಯ ಹಡಗಿನವರಿಗೆಲ್ಲ ಅದೇ ಪಂಚಾಂಗ. 2018ರ ಅಕ್ಟೋಬರಿನಲ್ಲಿ ಅದು 25 ಸೆಂಟಿಮೀಟರಿಗೆ ಇಳಿದಿತ್ತು. ಹಾಗೆಂದು ನದಿ ಗೇಣುದ್ದಕ್ಕೆ ಬಂದಿತ್ತೆಂದಲ್ಲ. ಗೋಲಿನ ಸೊನ್ನೆಯೇ ತಳಕ್ಕಿಂತ ಮೇಲಿದೆ, ಅಲ್ಲಿ 78 ತೋರಿಸಿದಾಗ ಹಡಗಿನ ದಾರಿಯಲ್ಲಿ ಸುಮಾರು 1.90 ಮೀಟರ್ ಆಳ. ಇನ್ನು ನೀರು ಏರಿದರೆ ಮೊದಲು ಮುಳುಗುವುದೇ ದಡದ ಟೆಂಟಿನ ಮೈದಾನಗಳು. 1993ರ ಡಿಸೆಂಬರ್, 1995ರ ಜನವರಿಯ ಪ್ರವಾಹಗಳನ್ನು ಅಲ್ಲಿನವರು ಮನೆ ಗೋಡೆಗಳ ಮೇಲೆ ಗೆರೆ ಹಾಕಿ ಇಟ್ಟಿದ್ದಾರೆ. ಬಹುಪಾಲು ಮೈದಾನಗಳು ಚಳಿಗಾಲಕ್ಕೆ ಬಾಗಿಲು ಹಾಕುವುದಕ್ಕೆ ಚಳಿಯಷ್ಟೇ ಕಾರಣವಲ್ಲ.

ದೊಡ್ಡ ನದಿ ನಿಧಾನವಾಗಿ ಏರುತ್ತದೆ, ಮುನ್ಸೂಚನೆ ಕೊಟ್ಟೇ ಏರುತ್ತದೆ. ಹೆದರಬೇಕಾದದ್ದು ಸಣ್ಣ ಉಪನದಿಗಳಿಗೆ. 2021ರ ಜುಲೈ 14ರ ರಾತ್ರಿ, ಕೊಬ್ಲೆಂಟ್ಸ್‌ನ ಕೆಳಗೆ ರೈನ್ ಸೇರುವ ಆರ್ ಎಂಬ ಪುಟ್ಟ ನದಿ ಕೆಲವೇ ಗಂಟೆಗಳಲ್ಲಿ ಉಕ್ಕಿ 130ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅದರ ದಡದ ಕ್ಯಾಂಪಿಂಗ್ ಮೈದಾನಗಳೂ ಕೊಚ್ಚಿಹೋದವು. ಮೇಷ್ಟ್ರು ಬರೆಯುವುದನ್ನು ನಿಲ್ಲಿಸಿದರು. "ಕಿರಿದಾದ ಕಣಿವೆ, ಕಡಿದಾದ ಗುಡ್ಡ, ಬಿದ್ದ ಮಳೆಯೆಲ್ಲ ಒಟ್ಟಿಗೇ ಕೆಳಗೆ. ನಮ್ಮ ಕೊಡಗಿನಲ್ಲಿ 2018ರಲ್ಲಿ ನೋಡಲಿಲ್ವೇ" ಎಂದರು. ಬೆಟ್ಟದ ಹೊಳೆಯ ಪಕ್ಕ ಮಲಗುವವರು ಆ ದಿನದ ಹವಾಮಾನ ಎಚ್ಚರಿಕೆ ನೋಡದೆ ಮಲಗಬಾರದು.

"ಹಾಗಾದ್ರೆ ನದಿ ಪಕ್ಕ ಬೇಡ ಅಂತೀಯಾ?"

"ನೋಡಕ್ಕೆ ಬೇಕು, ಮಲಗಕ್ಕೆ ಬೇಡ ಅಂತೀನಿ. ಲೊರೆಲೈ ಬಂಡೆಯ ಮೇಲೇ, ಪ್ರಸ್ಥಭೂಮಿಯಲ್ಲಿ ಒಂದು ಮೈದಾನ ಇದೆ. ಸಾಂಕ್ಟ್ ಗೋಆರ್ ಊರ ಹಿಂದೆ ಪಕ್ಕದ ಕಣಿವೆಯೊಳಗೆ ಫ್ರೀಡೆನೌ ಅಂತ ಇನ್ನೊಂದಿದೆ. ಗುಡ್ಡದ ಮರೆ, ಹಾಗಾಗಿ ರೈಲಿನ ಸದ್ದು ಅಷ್ಟು ಮುಟ್ಟಲ್ಲ. ಬೆಳಿಗ್ಗೆ ಎದ್ದು ಇಳಿದುಬಂದರೆ ನದಿ ಎಲ್ಲಿಗೂ ಓಡಿಹೋಗಿರಲ್ಲ."

ಇಷ್ಟರಲ್ಲಿ ಅಮ್ಮ ಕೈ ಒರೆಸಿಕೊಳ್ಳುತ್ತ ಗೋಡೆಯ ಹತ್ತಿರವೇ ಬಂದರು. ಅವರ ಚಿಂತೆ ಬೇರೆ: "ಒಲೆ ಹಚ್ಚಕ್ಕೆ ಬಿಡ್ತಾರೋ ಇಲ್ವೋ?"

ಗ್ಯಾಸ್ ಒಲೆಗೆ ಅಡ್ಡಿಯಿಲ್ಲ, ನೆಲದ ಮೇಲೆ ಸೌದೆ ಹಾಕಿ ಬೆಂಕಿ ಮಾಡುವಂತಿಲ್ಲ. ನಮ್ಮ ಕಾವೇರಿಯ ಭೀಮೇಶ್ವರಿಯಲ್ಲಿ ಜಂಗಲ್ ಲಾಡ್ಜಸ್‌ನವರು ಟೆಂಟು ಕಟ್ಟಿ, ಮಂಚ ಹಾಕಿ, ಹೊತ್ತು ಹೊತ್ತಿಗೆ ಊಟ ಬಡಿಸುತ್ತಾರೆ. ಜರ್ಮನಿಯಲ್ಲಿ ನಿಮಗೆ ಸಿಗುವುದು ನಂಬರು ಹಾಕಿದ ಒಂದು ತುಂಡು ಹುಲ್ಲು. ತಲೆಗಿಷ್ಟು, ಟೆಂಟಿಗಿಷ್ಟು, ಕಾರಿಗಿಷ್ಟು, ಕರೆಂಟಿಗಿಷ್ಟು ಎಂದು ಬಿಡಿಬಿಡಿಯಾಗಿ ಲೆಕ್ಕ. ಕರೆಂಟು ಬೇಕೆಂದರೆ ಮನೆಯ ಪ್ಲಗ್ ಹೊಂದುವುದಿಲ್ಲ, ನೀಲಿ ಬಣ್ಣದ ಮೂರು ಕಡ್ಡಿಯ ದಪ್ಪ ಪ್ಲಗ್ಗಿನ ಅಡಾಪ್ಟರು ಒಯ್ಯಬೇಕು. ಕೆಲವು ಕಡೆ ಬಿಸಿನೀರಿಗೂ ಬಿಲ್ಲೆ ಕೊಳ್ಳಬೇಕು. ಬಿಲ್ಲೆ ಮುಗಿದರೆ ಸೋಪು ಮೈಮೇಲಿದ್ದಂತೆಯೇ ತಣ್ಣೀರು.

"ಬಕೆಟ್ಟು ಚೊಂಬು ಒಯ್ತೀನಿ" ಎಂದು ಅಮ್ಮ ತಕ್ಷಣ ಪರಿಹಾರ ಹೇಳಿದರು.

ಶಿಸ್ತಿನ ವಿಷಯ ಕೇಳಿ ಮೇಷ್ಟ್ರಿಗೆ ಖುಷಿಯೋ ಖುಷಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮೌನ. ಮಧ್ಯಾಹ್ನ ಒಂದರಿಂದ ಮೂರರವರೆಗೂ ಬಹಳ ಕಡೆ ಮೌನ, ಆಗ ಗೇಟಿಗೆ ಅಡ್ಡಕೋಲು ಬಿದ್ದಿರುತ್ತದೆ, ಕಾರು ಒಳಗೆ ಬರುವಂತಿಲ್ಲ. ಎರಡು ಗಂಟೆಗೆ ಹೋಗಿ ನಿಂತು ಹಾರನ್ ಹೊಡೆದವರನ್ನು ಖಾಯಂ ನಿವಾಸಿಗಳು ನೋಡುವ ನೋಟ ಹೆಡ್‌ಮಾಸ್ಟರರ ನೋಟ. ಹೌದು, ಖಾಯಂ ನಿವಾಸಿಗಳೇ. ವರ್ಷಗಟ್ಟಲೆ ಒಂದೇ ಜಾಗ ಹಿಡಿದು, ಚಕ್ರದ ಮನೆಗೆ ಬೇಲಿ ಕಟ್ಟಿ, ಗುಲಾಬಿ ನೆಟ್ಟು, ಗಡ್ಡದ ಕುಳ್ಳಪ್ಪನ ಗೊಂಬೆ ನಿಲ್ಲಿಸಿಕೊಂಡವರು ಪ್ರತಿ ಮೈದಾನದಲ್ಲೂ ಒಂದಷ್ಟು ಜನ ಸಿಗುತ್ತಾರೆ. ಬೇಲಿಗೆ ಮೊಣಕೈ ಊರುವ ವಿದ್ಯೆ ಅವರಿಗೂ ಬರುತ್ತದೆ. ಯಾವ ಮೂಲೆಯಲ್ಲಿ ಮಳೆನೀರು ನಿಲ್ಲುತ್ತದೆ, ಯಾವ ಮರದಡಿ ಬೇಡ ಅನ್ನುವುದನ್ನು ಆಫೀಸಿನವರಿಗಿಂತ ಚೆನ್ನಾಗಿ ಹೇಳುವವರು ಅವರೇ. ಅಮ್ಮನ ಒಂದು ತಟ್ಟೆ ಕೋಡುಬಳೆಗೆ ಇಡೀ ಮೈದಾನದ ಚರಿತ್ರೆ ಹೊರಬರುತ್ತದೆ.

ಮೇಷ್ಟ್ರು ಡೈರಿಯಲ್ಲಿ ನದಿಯ ಚಿತ್ರವನ್ನೇ ಬರೆದುಬಿಟ್ಟಿದ್ದರು. "ನದಿ ವಾಯುವ್ಯಕ್ಕೆ ಹರಿಯುತ್ತೆ. ಹಾಗಾದ್ರೆ ಎಡದಂಡೆಗೆ ಬೆಳಗಿನ ಬಿಸಿಲು, ಬಲದಂಡೆಗೆ ಸಂಜೆ ಬಿಸಿಲು. ಸರಿಯೇ?"

ಸರಿಯೇ. ಟೆಂಟಿನ ಮೇಲಿನ ಇಬ್ಬನಿ ಬೇಗ ಒಣಗಬೇಕೆಂದರೆ ಎಡದಂಡೆ. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಯ ಮೇಲೆ, ಆ ಬೆಳಕಿನಲ್ಲಿ ಕೂರಬೇಕೆಂದರೆ ಬಲದಂಡೆ. ಆದರೆ ಒಂದು ದಂಡೆಯಿಂದ ಇನ್ನೊಂದಕ್ಕೆ ಹೋಗಲು ಮೈಂಟ್ಸ್ ಬಿಟ್ಟರೆ ಕೊಬ್ಲೆಂಟ್ಸ್‌ವರೆಗೂ ಸೇತುವೆಯಿಲ್ಲ. ಕಾರನ್ನೂ ದೋಣಿಗೇ ಹತ್ತಿಸಬೇಕು. ಬಿಂಗನ್, ಕೌಬ್, ಸಾಂಕ್ಟ್ ಗೋಆರ್, ಬೊಪ್ಪಾರ್ಡ್ ಕಡೆ ದೋಣಿಗಳಿವೆ, ರಾತ್ರಿಯಿಡೀ ಓಡುವುದಿಲ್ಲ. ಆಚೆ ದಡದಲ್ಲಿ ಊಟಕ್ಕೆ ಕೂತವರು ಗಡಿಯಾರ ನೋಡುತ್ತಿರಬೇಕು.

"ಇಷ್ಟೆಲ್ಲ ರಗಳೆ ಇಲ್ಲದ ಕಣಿವೆ ಇಲ್ವೇ ಆ ದೇಶದಲ್ಲಿ?" ಎಂದರು ಅಮ್ಮ.

ಇದೆ, ಪಕ್ಕದಲ್ಲೇ ಇದೆ. ಕೊಬ್ಲೆಂಟ್ಸ್‌ನಿಂದ ಮೊಸೆಲ್ ಹಿಡಿದು ಮೇಲಕ್ಕೆ ಹೋದರೆ ಕೊಖೆಮ್ ದಾಟಿದ ಸ್ವಲ್ಪ ದೂರಕ್ಕೆ ಮುಖ್ಯ ರೈಲುದಾರಿ ನದಿಯನ್ನು ಬಿಟ್ಟು ಗುಡ್ಡದ ಕಡೆ ತಿರುಗುತ್ತದೆ. ಅಲ್ಲಿಂದ ಬೆರ್ನ್‌ಕಾಸ್ಟೆಲ್‌ವರೆಗೆ ನದಿ ಹಾವಿನಂತೆ ಸುತ್ತುತ್ತದೆ, ದಡದಲ್ಲಿ ಗೂಡ್ಸ್ ಗಾಡಿಯ ಕಾಟವಿಲ್ಲ. 1964ರಲ್ಲಿ ಮುಗಿದ ಕಟ್ಟೆಗಳಿಂದಾಗಿ ನೀರೂ ನಿಧಾನ. ಕೋಟೆಗಳು ರೈನ್‌ನಷ್ಟಿಲ್ಲ, ದ್ರಾಕ್ಷಿಯಿದೆ, ನಿದ್ದೆಯಿದೆ. ಮೇಷ್ಟ್ರಿಗೆ ಲೊರೆಲೈ, ಅಮ್ಮನಿಗೆ ಮೊಸೆಲ್, ಇಬ್ಬರ ನಡುವೆ ಗಾಡಿ ಓಡಿಸಲು ಮಗ ಹೇಗೂ ಇದ್ದಾನೆ.

ಇಂಥ ಪ್ರವಾಸಕ್ಕೆ ಹೊರಡುವ ಉಳಿದವರಿಗೂ ಹೇಳುವುದಿಷ್ಟೇ. ಪೆಂಟಕೋಸ್ಟ್ ರಜೆ, ರೈನ್ ದಡದಲ್ಲಿ ಪಟಾಕಿ ಹಾರಿಸುವ ಹಬ್ಬದ ರಾತ್ರಿಗಳು, 2029ರಲ್ಲಿ ಇದೇ ಕಣಿವೆಯಲ್ಲಿ ನಡೆಯಲಿರುವ ರಾಷ್ಟ್ರೀಯ ಉದ್ಯಾನ ಮೇಳ, ಈ ಸಮಯಕ್ಕೆ ಹೋಗುವುದಾದರೆ ತಿಂಗಳುಗಟ್ಟಲೆ ಮೊದಲೇ ಜಾಗ ಕಾದಿರಿಸಿ. ಫೋಟೊ ನೋಡಿ ಮೈದಾನ ಆರಿಸಬೇಡಿ, ಯಾಕೆಂದರೆ ಫೋಟೊಗೆ ಸದ್ದಿಲ್ಲ. ನಕ್ಷೆ ತೆಗೆದು ಹಳಿ ಎಷ್ಟು ದೂರ, ನೀರು ಎಷ್ಟು ಕೆಳಗೆ, ಬಿಸಿಲು ಯಾವ ಕಡೆ ಎಂದು ನೋಡಿ. ಇಷ್ಟು ನೋಡಿದವರು ಹಗಲು ದಡದಲ್ಲಿ ಕಳೆದು ರಾತ್ರಿ ಗುಡ್ಡ ಹತ್ತುತ್ತಾರೆ. ನೋಡದವರು ಗೂಡ್ಸ್ ವ್ಯಾಗನ್ ಎಣಿಸುತ್ತಾರೆ.