ಹರಗೋಲಿನ ಶಿಕಾರಿ ಕಾಕಾ

ಊರಿಗೊಬ್ಬ ಪೈಲ್ವಾನ, ಓಣಿಗೊಬ್ಬ ಲೀಡರು, ಛಾದಂಗಡಿಗೊಬ್ಬ ಮಾಜಿ ಶಿಕಾರಿ ಇರಲೇಬೇಕೆಂಬುದು ನಮ್ಮ ಕಡೆಯ ಅಲಿಖಿತ ನಿಯಮ. ಸಿಂಧನೂರಿನವರಿಗೆ ಕಾಲುವೆ ನೀರು, ಭತ್ತದ ದರ ಇಷ್ಟರಲ್ಲೇ ಹೊತ್ತು ಹೋಗುತ್ತದೆ, ಬಡಾಯಿಗೆ ಪುರಸತ್ತಿಲ್ಲ. ಮಸ್ಕಿಯ ಬಡಾಯಿ ಇತಿಹಾಸದ ಜಾತಿಯದು. 1915ರಲ್ಲಿ ಚಿನ್ನ ಹುಡುಕುತ್ತ ಬಂದ ಬೀಡನ್ ಸಾಹೇಬನನ್ನು ಕೈಹಿಡಿದು ಅಶೋಕನ ಶಾಸನದ ಮುಂದೆ ನಿಲ್ಲಿಸಿದ್ದು ನಮ್ಮಜ್ಜನೇ ಎನ್ನುವವನು ಅಲ್ಲಿ ಎದುರಾದರೆ ಬೆರಗಾಗಬೇಡಿ. ಲಿಂಗಸುಗೂರಿನದು ಮಾತ್ರ ಅಪ್ಪಟ ಶಿಕಾರಿ ಬಡಾಯಿ. ಅದಕ್ಕೆ ಕಾರಣವೂ ಇದೆ. ಇದು ಛಾವಣಿಯ ಊರು. ಹೈದರಾಬಾದ್ ಕಾಂಟಿಂಜೆಂಟಿನ ಗೋರಾ ಅಧಿಕಾರಿಗಳು ಇದ್ದು ಹೋದ ಜಾಗ. 1905ರ ತನಕ ಲಿಂಗಸುಗೂರು ಅಂತ ಒಂದು ಜಿಲ್ಲೆಯೇ ಇತ್ತು. ಜಿಲ್ಲೆ ರಾಯಚೂರಿನಲ್ಲಿ ಕರಗಿತು, ಸಾಹೇಬರು ಹೋದರು, ಠೀವಿ ಮಾತ್ರ ಉಳಿಯಿತು. ಅದು ಸದ್ಯ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನ ಒಳಬೆಂಚಿನ ಮೇಲೆ ಒಗ್ಗರಣಿ, ಮಿರ್ಚಿ ತಿನ್ನುತ್ತ ಕೂತಿದೆ.

ಎಲ್ಲರೂ ಅವರನ್ನು ಕರೆಯುವುದು ಶಿಕಾರಿ ಕಾಕಾ ಅಂತ. ಬಿಳಿ ಧೋತರ, ಮೇಲೊಂದು ಮಾಸಿದ ಖಾಕಿ ಜಾಕೀಟು. ಜಾಕೀಟಿಗೆ ಸಾಲಾಗಿ ನಾಲ್ಕು ಜೇಬು. ತೋಟಾ ಇಡಲೆಂದೇ ಹೊಲಿಸಿದ್ದಂತೆ. ಈಗ ಬಿಪಿ ಗುಳಿಗೆ, ಆಧಾರ್ ಕಾರ್ಡು, ಅಡಿಕೆ ಚೀಟಿ ಇವೆ. ಕತೆ ಹೇಳಿರೆಂದು ಅವರನ್ನು ಯಾರೂ ಕೇಳಬೇಕಿಲ್ಲ. ಯಾರಾದರೂ ನಾರಾಯಣಪುರದಿಂದ ನೀರು ಬಿಟ್ಟರಂತೆ ಅಂದರೆ ಸಾಕು, "ನೀರಂದ್ರ ನೆನಪಾತು ನೋಡ್ರಿ" ಎಂದು ಕಾಲು ಮಡಚಿ ಕೂತುಬಿಡುತ್ತಾರೆ. ಕರೆಂಟು ಹೋದರೆ, "ಅವತ್ತೂ ಹಿಂಗ ಕತ್ತಲಿತ್ತು."

ಕತೆ ಒಂದೇ: ಹರಗೋಲಿನಲ್ಲಿ ಕೃಷ್ಣೆಯ ಮೇಲೆ ಸದ್ದಿಲ್ಲದೆ ತೇಲಿಕೊಂಡು ಹೋಗಿ, ದಂಡೆಗೆ ನೀರು ಕುಡಿಯಲು ಬಂದ ಕರಡಿಯನ್ನು ಒಂದೇ ಗುಂಡಿಗೆ ಉರುಳಿಸಿದ್ದು. ಬಂದೂಕು ಗೌಡರದು, ಹರಗೋಲು ಅಂಬಿಗರದು, ಕರಡಿ ಕಾಡಿನದು. ಗುರಿಯೊಂದೇ ಕಾಕಾನ ಸ್ವಂತದ್ದು. ಗೌಡರ ಆ ಬಂದೂಕನ್ನು ಊರವರೆಲ್ಲ ಬಲ್ಲರು. ಚುನಾವಣೆ ಬಂದಾಗಲೆಲ್ಲ ಅದು ಠಾಣೆಗೆ ಜಮಾ ಆಗುತ್ತದೆ, ಫಲಿತಾಂಶ ಬಂದ ಮೇಲೆ ಮನೆಗೆ ಮರಳುತ್ತದೆ. ಅದು ಮಾಡಿದ ಪ್ರವಾಸ ಅಷ್ಟೇ ಎಂದು ಗೌಡರ ಮನೆಯವರೇ ಹೇಳುತ್ತಾರೆ.

ಕರಡಿಯ ತೂಕ ಸ್ಥಿರವಲ್ಲ. ನಮ್ಮ ಕಡೆಯ ದೊಡ್ಡ ಗಂಡು ಕರಡಿ ನೂರನಲವತ್ತು ಕಿಲೋದ ಆಸುಪಾಸಿಗೆ ನಿಲ್ಲುತ್ತದೆ. ಕಾಕಾನದು ಮೊದಲು ಒಂದೂವರೆ ಕ್ವಿಂಟಲ್ ಇತ್ತು. ತೊಗರಿಗೆ ದರ ಬಂದ ವರ್ಷ ಎರಡಾಯಿತು. ಈಗ ಮೂರರ ಹತ್ತಿರ ಇದೆ. ದಿನಾಂಕ ಮಾತ್ರ ಅಲುಗಾಡಿಲ್ಲ: "ಎಪ್ಪತ್ತೆರಡರ ಬರಕ್ಕ ಒಂದು ವರ್ಷ ಮೊದಲು." ವನ್ಯಜೀವಿ ಕಾಯ್ದೆ ಬಂದದ್ದೂ 1972ರಲ್ಲೇ ಎಂಬುದು ಅವರಿಗೆ ಗೊತ್ತಿಲ್ಲವೆಂದು ಯಾರೂ ತಿಳಿಯಬಾರದು. ನಿವೃತ್ತ ಮಾಸ್ತರರೊಬ್ಬರು ಒಮ್ಮೆ ಬೆರಳೆಣಿಸಿ, "ಹಂಗಾದ್ರ ಆವಾಗ ನೀನು ನಾಲ್ಕನೇ ಇಯತ್ತೆ ಇರಬೇಕಲ್ಲೋ" ಅಂದರು. ಕಾಕಾ ಕಣ್ಣು ಮಿಟುಕಿಸಲಿಲ್ಲ. "ನಿಮ್ಮಂಥ ಮಾಸ್ತರೇ ಜೂನ್ ಒಂದು ಅಂತ ಅಂದಾಜಿಲೆ ವಯಸ್ಸು ಬರದಾರ್ರಿ. ನನ್ನ ಅಸಲಿ ವಯಸ್ಸು ನಮ್ಮವ್ವಗೊಬ್ಬಾಕಿಗೇ ಗೊತ್ತಿತ್ತು." ಮಾಸ್ತರರು ತಾವು ಬರೆದ ಜೂನ್ ಒಂದುಗಳನ್ನೆಲ್ಲ ನೆನೆಸಿಕೊಂಡು ಸುಮ್ಮನಾದರು.

ಇಷ್ಟಾದರೂ ಒಂದು ಮಾತು ಒಪ್ಪಬೇಕು. ಕರಡಿಯ ಸದ್ದನ್ನು ಕಾಕಾ ತೆಗೆದಂತೆ ಇನ್ನೊಬ್ಬರು ತೆಗೆಯಲಾರರು. ಈ ಕರಡಿಗೆ ಮೇಲಿನ ದವಡೆಯ ಮುಂದಿನ ಎರಡು ಹಲ್ಲು ಇರುವುದಿಲ್ಲ. ಆ ಸಂದಿಯಿಂದಲೇ ಅದು ಹುತ್ತದ ಗೆದ್ದಲನ್ನು ಉಸಿರಿನಿಂದ ಎಳೆಯುವುದು. ಆ ಸಪ್ಪಳ ಬಹಳ ದೂರ ಕೇಳಿಸುತ್ತದೆ. ದೈವಯೋಗದಿಂದ ಕಾಕಾನಿಗೂ ಅದೇ ಎರಡು ಹಲ್ಲಿಲ್ಲ. ಬಸಿಗೆ ಸುಡುವ ಛಾ ಸುರುವಿ, ಕಣ್ಣು ಅರೆಮುಚ್ಚಿ ಸೊರ್‍ರೆಂದು ಒಮ್ಮೆ ಎಳೆದು, "ಹಿಂಗ! ಥೇಟ್ ಹಿಂಗ!" ಎನ್ನುತ್ತಾರೆ. ಇಡೀ ಕತೆಯಲ್ಲಿ ಪ್ರಾಣಿಶಾಸ್ತ್ರ ಒಪ್ಪುವ ಭಾಗ ಇದೊಂದೇ. ಅದಕ್ಕಾಗಿ ಎರಡನೇ ಛಾ ಬೇಕಾಗುತ್ತದೆ.

ತೊಡಕು ಇರುವುದು ಹರಗೋಲಿನಲ್ಲಿ. ಬಿದಿರು ಹೆಣೆದು, ಹಿಂದೆ ತೊಗಲು, ಈಗ ಡಾಂಬರು ಬಳಿದ ತಾಡಪತ್ರಿ ಹೊದಿಸಿದ ಗುಂಡನೆಯ ಬುಟ್ಟಿ ಅದು. ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪೇಯಸ್ ಕೂಡ ಅದನ್ನು ಬುಟ್ಟಿಯೆಂದೇ ಕಂಡ. ಹದಿನೈದಿಪ್ಪತ್ತು ಜನ ಹಿಡಿಯುತ್ತಾರೆ, ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ ಎಂದು ಬರೆದ. ಅದರಲ್ಲಿ ನಿಂತು ಗುಂಡು ಹಾರಿಸುತ್ತಾರೆ ಎಂದು ಮಾತ್ರ ಬರೆಯಲಿಲ್ಲ. ಒಂದು ದಿನ ಜಲದುರ್ಗದ ಕಡೆಯ ಅಂಬಿಗರ ಹಿರಿಯ ಸಂತೆಗೆ ಬಂದವನು ಪಕ್ಕದ ಬೆಂಚಿನಲ್ಲಿ ಕೂತಿದ್ದ. ಕತೆ ಪೂರ್ತಿ ಕೇಳಿ ಮೆಲ್ಲಗೆ ಬಾಯಿಬಿಟ್ಟ.

"ಕಾಕಾರ, ಹುಟ್ಟು ಯಾರು ಹಾಕತಿದ್ರು?"

"ಯಾರೂ ಇಲ್ಲಪಾ. ಸಪ್ಪಳಾದ್ರ ಕರಡಿ ಓಡತೈತಿ. ಹರಿವಿಗೆ ಬಿಟ್ಟಿದ್ದೆ."

"ಹುಟ್ಟು ಬಿಟ್ರ ಹರಗೋಲು ಗಿರಗಿರ ತಿರಗತೈತ್ರಿ. ನೀವು ಗುರಿ ಇಟ್ಟದ್ದು ಯಾವ ದಂಡಿಗೆ? ಈ ಕಡೆ ನಮ್ಮ ತಾಲ್ಲೂಕು, ಆ ಕಡೆ ಸುರಪುರದ ಸೀಮಿ."

ಬೆಂಚು ನಿಶ್ಶಬ್ದವಾಯಿತು. ಅಲ್ಲಿನ ಹೊಳೆ ಬೇರೆ ಸಾಮಾನ್ಯದ್ದಲ್ಲ. ಜಲದುರ್ಗದ ಆ ಪಾತ್ರದಲ್ಲಿ ಮೂರು ಮೈಲಿಯೊಳಗೆ ಕೃಷ್ಣೆ ನಾನೂರು ಅಡಿಯಷ್ಟು ಇಳಿಯುತ್ತಾಳೆಂದು ಹಳೆಯ ಗೆಜೆಟಿಯರಿನ ಲೆಕ್ಕ. ಬಂಡೆ, ಸುಳಿ, ಧುಮುಕು. ಸದ್ದಿಲ್ಲದೆ ತೇಲುವ ಮಾತು ಅಲ್ಲಿ ಮೀನಿಗೂ ಸಲ್ಲದು. ಆದರೆ ಶಿಕಾರಿಯಾದವನು ಮೂಲೆಗೆ ಸಿಕ್ಕಾಗಲೇ ಅಪಾಯಕಾರಿ. ಕಾಕಾ ಬಸಿ ಕೆಳಗಿಟ್ಟು, "ತಿರಗತೈತಿ ಅಂತನ ಹರಗೋಲು ಆರಿಸಿದ್ದು ಹುಚ್ಚಪ್ಪಾ! ದೋಣ್ಯಾಗ ಒಂದ ಕಡೆ ಕಾಣತೈತಿ. ಹರಗೋಲಿನ್ಯಾಗ ಎಂಟೂ ದಿಕ್ಕು. ಮೂರನೇ ಸುತ್ತಿಗೆ ಕರಡಿ ಎದುರಿಗೆ ಬಂತು, ಬಿಟ್ಟೆ" ಅಂದರು. ಅಂಬಿಗ ಕೈಮುಗಿದ. ಆ ನಮಸ್ಕಾರವೂ ಮಾರನೇ ದಿನದಿಂದ ಕತೆಯೊಳಗೆ ಸೇರಿತು.

ಈಚೆಗೆ ಮೊಮ್ಮಗ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ್ದರಿಂದ ಪ್ರಕರಣ ಅಂತರರಾಷ್ಟ್ರೀಯವಾಗಿದೆ. ಅಮೆರಿಕ, ಕೆನಡಾದ ಕಡೆ ಚಳಿಗಾಲದ ನಿದ್ದೆ ಮುಗಿಸಿದ ಕಪ್ಪು ಕರಡಿ ವಸಂತದಲ್ಲಿ ಎಳೆಹುಲ್ಲು ಮೇಯಲು ಹೊಳೆದಂಡೆಗೆ ಇಳಿಯುತ್ತದೆ. ಅಲ್ಲಿನವರು ಲೈಸೆನ್ಸು ಪಡೆದು, ಉದ್ದನೆಯ ದೋಣಿಯಲ್ಲಿ ತಮ್ಮ ವಾಸನೆ ಅದರ ಮೂಗಿಗೆ ಬಡಿಯದಂತೆ ಗಾಳಿ ನೋಡಿಕೊಂಡು ತೇಲುತ್ತಾರೆ. ಮೋಟಾರು ಓಡುತ್ತಿರುವಾಗ ದೋಣಿಯಿಂದ ಗುಂಡು ಹಾರಿಸುವಂತಿಲ್ಲವೆಂದು ಅಲಾಸ್ಕಾದಂಥ ಕಡೆ ಕಾನೂನೂ ಇದೆ. ಕಾಕಾ ಇದನ್ನು ಎರಡು ಸಲ ನೋಡಿ ತೀರ್ಪು ಕೊಟ್ಟರು: "ಛಾವಣಿ ಸಾಹೇಬ್ರು ನಮ್ಮಜ್ಜನ ಕಡಿಂದ ಕಲತು ಒಯ್ದದ್ದು ಇದು." ನಮ್ಮ ಕರಡಿ ಚಳಿಗಾಲಕ್ಕೆ ಮಲಗುವುದಿಲ್ಲ, ಹುಲ್ಲು ಮೇಯಲು ಹೊಳೆಗೆ ಬರುವುದಿಲ್ಲ, ಗೆದ್ದಲು, ಜೇನು, ಬಾರಿಹಣ್ಣು ಇದ್ದಲ್ಲಿ ರಾತ್ರಿ ತಿರುಗುತ್ತದೆ ಎಂದು ಮಾಸ್ತರರು ತಗಾದೆ ತೆಗೆದರು. "ಅದಕ್ಕ ನಮ್ಮದು ಅವರಕಿಂತ ಕಠಿಣ ಶಿಕಾರಿ" ಎಂಬ ಉತ್ತರ ತಯಾರಿತ್ತು.

ಕಾಕಾನನ್ನು ನಿಜವಾಗಿ ಕಂಗೆಡಿಸಿದವನು ಒಬ್ಬನೇ: ಫಾರೆಸ್ಟ್ ಗಾರ್ಡ್. ಖಾಕಿ ಅಂಗಿಯ ಹುಡುಗ ಬಂದು ಎದುರಿಗೆ ಕೂತು, "ಮುಂದ ಹೇಳ್ರಿ ಕಾಕಾರ. ಕರಡಿ ಈಗ ಮೊದಲನೇ ಶೆಡ್ಯೂಲು. ಹೊಡೆದ್ರ ಮೂರರಿಂದ ಏಳು ವರ್ಷ" ಅಂದ. ಕರಡಿ ಅಲ್ಲೇ ಜೀವ ಹಿಡಿಯತೊಡಗಿತು. ಮೊದಲು ಗುಂಡು ಭುಜಕ್ಕೆ ಸವರಿ ಹೋಯಿತು. ಆಮೇಲೆ ಗಾಳಿಯಲ್ಲಿ ಹಾರಿಸಿದ್ದಾಯಿತು. ಆಮೇಲೆ ಮದ್ದು ತೊಯ್ದಿತ್ತು. ಛಾ ಮುಗಿಯುವ ಹೊತ್ತಿಗೆ ಕರಡಿ ಬೆನ್ನ ಮೇಲೆ ಎರಡು ಮರಿ ಕೂರಿಸಿಕೊಂಡು ಗುಡ್ಡ ಸೇರಿತ್ತು, ಕಾಕಾ ದಂಡೆಯಲ್ಲಿ ನಿಂತು ಅದಕ್ಕೆ ಕೈಮುಗಿದಿದ್ದರು. ಗಾರ್ಡು ಎದ್ದು ಹೋದ. ಅರ್ಧ ತಾಸಿಗೆ ಅದು ಮತ್ತೆ ಸತ್ತಿತು.

ಪುರಾವೆ ಕೇಳಿದವರಿಗೆ ಕಾಕಾ ಎಡತೋಳಿನ ತಾಯತ ತೋರಿಸುತ್ತಾರೆ. ತಾಮ್ರದ ಸಣ್ಣ ಕೊಳವೆ, ಒಳಗೆ ಕರಡಿಯ ಕೂದಲು. ಅಂಥ ತಾಯತ ನಮ್ಮ ಕಡೆಯ ಎಷ್ಟೋ ಮಂದಿಯ ತೋಳಿನಲ್ಲಿ ಇತ್ತು. ಕರಡಿ ಆಡಿಸುವ ಕಲಂದರರು ಓಣಿಗೆ ಬಂದಾಗ, ಅಂಜುಬುರುಕ ಹುಡುಗರನ್ನು ಅದರ ಬೆನ್ನ ಮೇಲೆ ಕೂರಿಸಿ, ಕೂದಲು ಕಿತ್ತು ಕಟ್ಟಿಸುತ್ತಿದ್ದರು. ಆ ಆಟವೂ ನಿಂತಿತು. ಕೊನೆಯ ಆಟದ ಕರಡಿ 2009ರಲ್ಲಿ ಬನ್ನೇರುಘಟ್ಟದ ಪುನರ್ವಸತಿ ಕೇಂದ್ರಕ್ಕೆ ಸೇರಿತು. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದ ಮೇಲೆ ಹೊಳೆಯ ಹರಿವೂ ಗೇಟಿನ ಕೈಗೆ ಹೋಯಿತು. ಹೀಗೆ ಹಳೆಯ ಹೊಳೆ ಇಲ್ಲ, ಆಡುವ ಕರಡಿ ಇಲ್ಲ, ಗೌಡರ ಬಂದೂಕಿಗೆ ಕೆಲಸವಿಲ್ಲ. ಸಾಕ್ಷಿಗಳು ಒಬ್ಬೊಬ್ಬರಾಗಿ ತೆರೆಮರೆಗೆ ಸರಿದಷ್ಟೂ ಕಾಕಾನ ಗುರಿ ಪಕ್ಕಾ ಆಗುತ್ತ ಬಂದಿದೆ. ಬೇಟೆಯನ್ನು ಕಾಯ್ದೆ ನಿಲ್ಲಿಸಿತೆನ್ನುತ್ತಾರೆ; ಶಿಕಾರಿಗಳನ್ನು ಹುಟ್ಟಿಸಿದ್ದೂ ಅದೇ ಕಾಯ್ದೆ. ಮಾಡಿ ತೋರಿಸು ಎಂದು ಇನ್ನು ಯಾರೂ ಸವಾಲು ಹಾಕುವಂತಿಲ್ಲವಲ್ಲ!

ದರೋಜಿಯಲ್ಲಿ 1994ರಿಂದ ಕರಡಿಗೇ ಒಂದು ಧಾಮವಿದೆ. ಸಂಜೆ ಬಂಡೆಗೆ ಬೆಲ್ಲದ ಪಾಕ ಸವರಿ ಬರುತ್ತಾರೆ, ಅವು ಬಂದು ನೆಕ್ಕುತ್ತವೆ. ಹೋಟೆಲಿನ ಹುಡುಗರು ವರ್ಗಣಿ ಹಾಕಿ ಒಂದು ಭಾನುವಾರ ಕಾಕಾನನ್ನೂ ಜೀಪಿಗೆ ಹತ್ತಿಸಿಕೊಂಡು ಹೋದರು. ವೀಕ್ಷಣಾ ಗೋಪುರದಿಂದ ಕಾಕಾ ಮೊದಲ ಸಲ ಬಯಲಿನ ಕರಡಿ ಕಂಡರು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ದುರ್ಬೀನು ಇಳಿಸದೆ ಬಹಳ ಹೊತ್ತು ನೋಡಿದರು. "ಏನ್ ಕಾಕಾ, ಇಷ್ಟ ದೊಡ್ಡದಿತ್ತಾ ನಿಮ್ಮದು?" ಎಂದು ಒಬ್ಬ ಕೆಣಕಿದ. ಕಾಕಾ ದುರ್ಬೀನು ಒರೆಸಿ ಅವನ ಕೈಗಿಟ್ಟರು.

"ಇದು ಬೆಲ್ಲ ತಿಂದು ಬೆಳೆದದ್ದು ತಮ್ಮಾ. ನಂದು ಮಾತು ತಿಂದು ಬೆಳೆದದ್ದು. ಎಲ್ಲಿಂದೆಲ್ಲಿಗೆ ಹೋಲಸತಿ?"

ಹುಡುಗರು ನಕ್ಕರು, ಕಾಕಾನೂ ನಕ್ಕರು. ಆಮೇಲೆ ದಾರಿಯಲ್ಲಿ ಗಂಗಾವತಿಯ ಹೋಟೆಲೊಂದರ ಮುಂದೆ ಜೀಪು ನಿಲ್ಲಿಸಿ, ಅಪರಿಚಿತ ಮಂದಿಯ ನಡುವೆ ಬೆಂಚು ಹಿಡಿದು, ಬಸಿಗೆ ಛಾ ಸುರುವುತ್ತ ಶುರುಮಾಡಿದರು: "ಈಗಷ್ಟ ಕರಡಿ ಕಡಿಂದ ಬಂದೇವ್ರಿ. ನೀರಂದ್ರ ನೆನಪಾತು ನೋಡ್ರಿ…" ನೀರಿನ ಮಾತನ್ನು ಅಲ್ಲಿ ಯಾರೂ ಎತ್ತಿರಲಿಲ್ಲ. ಛಾದ ರೊಕ್ಕ ಮಾತ್ರ ಗಂಗಾವತಿಯವರೇ ಕೊಟ್ಟರು.