ಖಳನಾಯಕನ ಬಂಟ

ದುಷ್ಟನನ್ನು ಕಲ್ಪಿಸುವುದು ಅಷ್ಟೇನೂ ಪ್ರಯಾಸದ ಕೆಲಸವಲ್ಲ. ಒಂದೆರಡು ಕೋರೆದಾಡೆ, ಕೆಂಡದಂಥ ಕಣ್ಣು, ಎತ್ತರದ ಸಿಂಹಾಸನ, ನಡುನಡುವೆ ಕಾರಣವಿಲ್ಲದ ಅಟ್ಟಹಾಸ, ಇಷ್ಟನ್ನು ಒದಗಿಸಿಬಿಟ್ಟರೆ ಖಳನಾಯಕನು ತನ್ನ ಪಾಡಿಗೆ ತಾನು ಕಥೆಯನ್ನು ನಡೆಸಿಕೊಂಡು ಹೋಗುತ್ತಾನೆ. ಆದರೆ ಆ ಅಟ್ಟಹಾಸವು ಮುಗಿಯುವವರೆಗೆ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದು, ಮುಗಿದೊಡನೆ ಬಿಸಿನೀರಿನ ಲೋಟವನ್ನು ಮುಂದೊಡ್ಡಿ, ಬಾಗಿಲಲ್ಲಿ ಬಂದು ನಿಂತಿರುವ ಬಡಪಾಯಿಯನ್ನು ಒಳಗೆ ಬಿಡಬೇಕೋ ಬೆಳಗಿನವರೆಗೆ ಕಾಯಿಸಬೇಕೋ ಎಂಬುದನ್ನು ಒಡೆಯನ ಹುಬ್ಬಿನ ಚಲನೆಯಿಂದಲೇ ಅರಿತುಕೊಳ್ಳುವ ಆ ಇನ್ನೊಬ್ಬ ಮನುಷ್ಯನನ್ನು, ಎಂದರೆ ಖಳನ ಬಂಟನನ್ನು, ಯಥಾವತ್ತಾಗಿ ನಿರ್ಮಿಸಬೇಕಾದರೆ ಕಲ್ಪನೆಯೊಂದೇ ಸಾಲದು, ಲೋಕಾನುಭವವೂ ಬೇಕು.

ಚಿತ್ರದುರ್ಗದವರಾದ ನಮಗೆ ಈ ವಿಷಯದಲ್ಲಿ ಅಭಿಪ್ರಾಯ ಹೇಳುವ ಅಧಿಕಾರವು ಉಳಿದವರಿಗಿಂತ ಸ್ವಲ್ಪ ಹೆಚ್ಚಾಗಿಯೇ ಉಂಟು. ನಮ್ಮ ಬೆಟ್ಟದ ಮೇಲೆ ಹಿಡಿಂಬಾಸುರನು ವಾಸವಾಗಿದ್ದನೆಂಬುದು ಪ್ರತೀತಿ. ಕೋಟೆಯೊಳಗೆ ಹಿಡಿಂಬೇಶ್ವರನ ಗುಡಿಯಿದೆ; ಗುಡಿಯಲ್ಲಿ ರಾಕ್ಷಸನದೆಂದು ತೋರಿಸುವ ಹಲ್ಲೂ ಇದೆ. ಕಾಡಿನಲ್ಲಿ ಮಲಗಿದ್ದ ಪಾಂಡವರ ವಾಸನೆಯು ಮೂಗಿಗೆ ಬಡಿದಾಗ ಈ ಮಹಾಶಯನು ತಾನೇ ಎದ್ದುಹೋಗುವ ಶ್ರಮವನ್ನು ತೆಗೆದುಕೊಳ್ಳದೆ ತಂಗಿ ಹಿಡಿಂಬೆಯನ್ನು ಅಟ್ಟಿದನು. ಹೋದವಳು ಎಚ್ಚರವಾಗಿ ಕುಳಿತಿದ್ದ ಭೀಮಸೇನನನ್ನು ಕಂಡ ಕ್ಷಣದಲ್ಲಿಯೇ ಅಣ್ಣನ ಊಟದ ವಿಚಾರವನ್ನು ಮರೆತು ತನ್ನ ವಿವಾಹದ ವಿಚಾರವನ್ನು ಪ್ರಾರಂಭಿಸಿದಳು. ಸೇವಕವರ್ಗವನ್ನು ಮನೆಯವರಿಂದಲೇ ಆರಿಸಿಕೊಳ್ಳುವ ದುಷ್ಟರಿಗೆ ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಬೇರೆಲ್ಲಿಯೂ ದೊರೆಯಲಾರದು. ತಂಗಿಯು ಘಟೋತ್ಕಚನ ತಾಯಿಯಾದಳು. ಅಣ್ಣನದೆಂದು ಉಳಿದದ್ದು ಆ ಹಲ್ಲೊಂದು.

ಬಂಟನೇ ಬೆಳೆದು ಖಳನಾಗುವ ಬಗೆಯನ್ನು ತಿಳಿಯಬೇಕೆನ್ನುವವರು ತ.ರಾ.ಸು. ಅವರ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’ಗಳಲ್ಲಿ ದಳವಾಯಿ ಮುದ್ದಣ್ಣನನ್ನು ನೋಡಿಕೊಳ್ಳಬಹುದು, ಆತನು ನಮ್ಮ ಪ್ರಸ್ತುತ ವಿಷಯಕ್ಕೆ ಮೀರಿದವನು. ಮಾರೀಚನೂ ಹಾಗೆಯೇ. ರಾವಣನಿಗೆ ಅಷ್ಟುದ್ದದ ಹಿತೋಪದೇಶವನ್ನು ಮಾಡಿ, ಅದು ಫಲಿಸದೆ ಹೋದಾಗ ಹೊನ್ನಿನ ಜಿಂಕೆಯ ಚರ್ಮವನ್ನು ತೊಟ್ಟುಕೊಂಡು ಸಾಯಲು ಹೊರಟವನನ್ನು ಬಂಟನೆನ್ನುವುದಕ್ಕಿಂತ ರಾಜೀನಾಮೆ ಕೊಡಲಾರದ ಹಿರಿಯ ಅಧಿಕಾರಿಯೆನ್ನುವುದು ಮೇಲು. ನನ್ನ ಮನಸ್ಸಿಗೆ ಒಪ್ಪುವವನು ದುರ್ಯೋಧನನ ಪ್ರಾತಿಕಾಮಿ. ದ್ಯೂತಸಭೆಗೆ ದ್ರೌಪದಿಯನ್ನು ಕರೆತರುವುದಕ್ಕೆಂದು ಹೊರಟ ಆ ಪ್ರಾಣಿ, ಧರ್ಮರಾಯನು ಮೊದಲು ಸೋತದ್ದು ತನ್ನನ್ನೋ ಪತ್ನಿಯನ್ನೋ ಎಂದು ಆಕೆ ಕೇಳಿದ ಪ್ರಶ್ನೆಗೆ ಉತ್ತರ ಹೊಳೆಯದೆ, ಪ್ರಶ್ನೆಯನ್ನೇ ಹೊತ್ತುಕೊಂಡು ಸಭೆಗೆ ಹಿಂದಿರುಗಿದನು. ಮತ್ತೆ ಅಟ್ಟಿದಾಗ ಕಾಲು ಮುಂದಕ್ಕೆ ಬಾರದೆ ನಿಂತನು. ಇವನು ಭೀಮನಿಗೆ ಹೆದರಿದ್ದಾನೆಂದು ಕೌರವನು ಗುರುತಿಸಿ ಆ ಕೆಲಸವನ್ನು ದುಶ್ಶಾಸನನಿಗೆ ವಹಿಸಿದನು. ಭೀಷ್ಮದ್ರೋಣರು ತಲೆತಗ್ಗಿಸಿ ಕುಳಿತಿದ್ದ ಆ ಸಭೆಯಲ್ಲಿ ಧರ್ಮಸೂಕ್ಷ್ಮದ ಪ್ರಶ್ನೆಯನ್ನು ಅತ್ತಿಂದಿತ್ತ ಸಾಗಿಸಿದವನು ಒಬ್ಬ ಆಳು ಎಂಬುದು, ಅವನು ಅದನ್ನು ಧರ್ಮಕ್ಕಾಗಿ ಮಾಡದೆ ಪ್ರಾಣಭಯದಿಂದ ಮಾಡಿದನೆಂಬುದು, ನನಗೆ ಬಹಳ ಸ್ವಾಭಾವಿಕವಾಗಿ ತೋರುತ್ತದೆ.

ಇಷ್ಟನ್ನೆಲ್ಲ ನಾನು ವಿಚಾರಮಾಡಬೇಕಾಗಿ ಬಂದದ್ದು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಸೋದರಳಿಯನ ದೆಸೆಯಿಂದ. ರಜೆಗೆ ಬಂದಾಗ ಅವನು ಸ್ನೇಹಿತರನ್ನು ಕಟ್ಟಿಕೊಂಡು ಒಂದು ಆಟವನ್ನು ಆಡುತ್ತಾನೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂದು ಅದರ ಹೆಸರು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ಅದನ್ನು ಹೊರತಂದರಂತೆ. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬನು ಕತ್ತಿವರಸೆಯ ವೀರನಾಗುತ್ತಾನೆ, ಇನ್ನೊಬ್ಬನು ಮಾಂತ್ರಿಕನಾಗುತ್ತಾನೆ, ಮತ್ತೊಬ್ಬಳು ಕಳ್ಳಿಯಾಗುತ್ತಾಳೆ. ಉಳಿದ ರಾಜ, ರಾಕ್ಷಸ, ಛತ್ರದ ಅಡಿಗೆಯವ, ಗಾಳಿ, ಮಳೆ ಎಲ್ಲವೂ ಆಟವನ್ನು ನಡೆಸುವ ಒಬ್ಬನೇ, ನಮ್ಮ ಬಯಲಾಟದ ಭಾಗವತನಿಗೆ ಇನ್ನಷ್ಟು ಹೊಣೆಯನ್ನು ಹೊರಿಸಿದರೆ ಹೇಗೋ ಹಾಗೆ. ವೇಷವಿಲ್ಲ, ರಂಗವಿಲ್ಲ, ಕೊನೆಗೆ ಎದ್ದುನಿಲ್ಲುವುದೂ ಇಲ್ಲ. ಯಾವ ಸಾಹಸವು ಫಲಿಸಿತು, ಯಾವುದು ಕೆಟ್ಟಿತು ಎಂಬುದನ್ನು ದಾಳಗಳು ನಿರ್ಣಯಿಸುತ್ತವೆ. ಅವುಗಳಲ್ಲಿ ಮುಖ್ಯವಾದದ್ದಕ್ಕೆ ಇಪ್ಪತ್ತು ಮುಖ. ಇಂಥದ್ದೊಂದು ಶಕುನಿಯ ಕೈಗೆ ಸಿಕ್ಕಿದ್ದರೆ ಪಾಂಡವರ ವನವಾಸವು ಎಷ್ಟು ವರ್ಷಕ್ಕೆ ಬೆಳೆಯುತ್ತಿತ್ತೋ ಊಹಿಸಲಾರೆ.

ಸೋದರಳಿಯನು ಕಥೆಯನ್ನು ದುರ್ಗದಲ್ಲಿಯೇ ಹೂಡಿದ್ದನು. ಚಂದ್ರವಳ್ಳಿಯ ಗವಿಯಲ್ಲಿ ಅಡಗಿ ಕುಳಿತ ಮಹಾಮಾಂತ್ರಿಕನೇ ಖಳನಾಯಕ; ಅವನಿಗೊಬ್ಬ ಬಂಟ. ಬಂಟನ ವಿವರಗಳನ್ನು ಬರೆದುಕೊಂಡು ಬಂದು ನನ್ನ ಮುಂದೆ ಹಿಡಿದಾಗ ನೋಡುತ್ತೇನೆ: ಗೂನುಬೆನ್ನು, ಒಂಟಿಕಣ್ಣು, ಬಲಗೈಗೆ ಕಬ್ಬಿಣದ ಪಂಜ, ನಾಲಗೆಯಲ್ಲಿ ವಿಷ, ಮಾತಿಗೊಮ್ಮೆ ವಿಕಟನಗೆ. ವಜ್ರಮುನಿಯವರ ಕಾಲದ ಚಲನಚಿತ್ರಗಳಲ್ಲಿ ಪಟ್ಟೆಪಟ್ಟೆಯ ಬನಿಯನ್ನು ತೊಟ್ಟು, ಕೊರಳಿಗೆ ಕರ್ಚೀಪು ಬಿಗಿದು, ‘ಬಾಸ್’ ಎಂದು ಕೂಗುತ್ತ ನಾಯಕನ ಏಟಿಗೆ ಸರದಿಯ ಮೇಲೆ ಬೀಳುತ್ತಿದ್ದವರಿಗೂ ಇವನಿಗಿಂತ ಹೆಚ್ಚಿನ ಜೀವಕಳೆಯಿತ್ತು. “ಇವನನ್ನು ಕಂಡರೆ ಊರ ನಾಯಿಯೂ ಬೊಗಳುತ್ತದಲ್ಲಪ್ಪ, ಬಂಟನೆಂದರೆ ನಾಯಿ ಬಾಲವಾಡಿಸಬೇಕು” ಎಂದು ಹೇಳಿ, ಗೂನನ್ನೂ ಪಂಜವನ್ನೂ ಹೊಡೆದುಹಾಕಿ, ಕಾಗದದ ಹಿಂಬದಿಯಲ್ಲಿ ನಾನೇ ಬರೆಯಲು ಕುಳಿತೆ.

ನನ್ನ ಬಂಟನಿಗೆ ಐವತ್ತರ ಆಸುಪಾಸಿನ ವಯಸ್ಸು. ಬಿಳಿಯ ಅಂಗಿ, ಮಡಿಸಿದ ಟವೆಲು, ಜೇಬಿನಲ್ಲಿ ಎರಡು ಪೆನ್ನು. ಎರಡೂ ತನಗಲ್ಲ, ಒಂದು ಒಡೆಯನ ಸಹಿಗೆ, ಇನ್ನೊಂದು ಮೊದಲನೆಯದು ಬರೆಯದಿದ್ದರೆ. ಅವನ ಧ್ವನಿ ಎಂದೂ ಏರುವುದಿಲ್ಲ. “ಸಾವ್ಕಾರ್ರು ಪೂಜೆಗೆ ಕುಂತವ್ರೆ, ಆಮ್ಯಾಕೆ ಬರ್ರಿ” ಎಂಬ ಒಂದು ವಾಕ್ಯದಿಂದ ಅವನು ಸಾಲ ಕೇಳಬಂದವರನ್ನು, ಕೊಟ್ಟ ಸಾಲವನ್ನು ಕೇಳಬಂದವರನ್ನು, ಚಂದಾ ಎತ್ತುವವರನ್ನು, ಒಡೆಯನ ಸ್ವಂತ ಷಡ್ಡಕನನ್ನು ಕೂಡ ಸಮಾನವಾದ ವಿನಯದಿಂದ ಹಿಂದಕ್ಕೆ ಕಳುಹಿಸಬಲ್ಲನು. ಒಡೆಯನು ಒಳಗೆ ಇಸ್ಪೀಟು ಕಲೆಸುತ್ತಿರುವ ಸದ್ದು ಹೊರಗೆ ಕೇಳಿಸುತ್ತಿದ್ದರೂ ಆ ವಿನಯವು ಕದಲುವುದಿಲ್ಲ.

ಇವನನ್ನು ನಮ್ಮ ಜಿಲ್ಲೆಯಲ್ಲಿ ನೋಡದವರು ಯಾರು? 1933ರ ತರುವಾಯ 2022ರಲ್ಲಿ, ಎಂದರೆ 89 ವರ್ಷಗಳ ಮೇಲೆ, ಹಿರಿಯೂರಿನ ವಾಣಿವಿಲಾಸ ಸಾಗರವು ಕೋಡಿ ಬಿದ್ದು ಸುತ್ತಲಿನ ಜನರೆಲ್ಲ ಮಾರಿಕಣಿವೆಗೆ ನೆರೆದಾಗ, ನೀರಿನ ಕಡೆಗೆ ಬೆನ್ನುಮಾಡಿ ನಿಂತವನು ಇವನೊಬ್ಬನೇ. ಏಕೆಂದರೆ ನೀರನ್ನು ನೋಡುತ್ತಿದ್ದ ಒಡೆಯನ ಮುಖವನ್ನು ನೋಡಿ, ಎಷ್ಟು ಹೊತ್ತಿಗೆ ಕಾರನ್ನು ತಿರುಗಿಸಿ ನಿಲ್ಲಿಸಬೇಕೆಂಬುದನ್ನು ಅವನು ತಿಳಿಯಬೇಕಾಗಿತ್ತು. ಹೊಳಲ್ಕೆರೆಯ ಬಯಲು ಗಣಪತಿಯು ಮೇಲೆ ಮಾಡಿಲ್ಲದೆ ಬಿಸಿಲುಮಳೆಗಳನ್ನು ಶತಮಾನಗಳಿಂದ ಸಹಿಸಿಕೊಂಡು ಕುಳಿತಿದ್ದಾನೆ. ಆ ದೇವರ ಸನ್ನಿಧಿಯಲ್ಲಿಯೇ ನಮ್ಮವನು ಒಡೆಯನ ತಲೆಯ ಮೇಲೆ ಕೊಡೆ ಬಿಡಿಸಿದನು. ಹೊಸದುರ್ಗದ ಕಡೆಯ ತೋಟಗಳಲ್ಲಿ ಎಳನೀರು ಕೆತ್ತಿಸಿದರೆ ಮೊದಲನೆಯದನ್ನು ತಾನು ಕುಡಿದು ಸಿಹಿಯನ್ನು ಪರೀಕ್ಷಿಸುತ್ತಾನೆ. ಅವನ ಜೀವಮಾನದಲ್ಲಿ ಒಡೆಯನಿಗಿಂತ ಮುಂಚೆ ಅನುಭವಿಸುವ ಸುಖವು ಅದೊಂದೇ, ಮತ್ತು ಅದಕ್ಕೂ ಅವನು ಕರ್ತವ್ಯವೆಂದು ಹೆಸರಿಟ್ಟುಕೊಂಡಿದ್ದಾನೆ.

ಹಾಗಾದರೆ ಇವನಲ್ಲಿ ಕೆಡುಕೆಲ್ಲಿದೆ ಎಂದು ಸೋದರಳಿಯನು ಕೇಳಿದನು. ಇದೆ. ಪಕ್ಕದ ಹೊಲದ ವಿಧವೆಯ ಬದುವಿನ ಕಲ್ಲು ರಾತ್ರಿಯಲ್ಲಿ ಒಂದು ಮೊಳ ಅತ್ತ ಸರಿದಿದ್ದರೆ, ಅದನ್ನು ಸರಿಸಿದ್ದು ಇವನ ಕೈಗಳೇ. ಬೆಳಗಾದ ಮೇಲೆ ಆಕೆ ಅಳುತ್ತ ಬಂದರೆ ಜಗುಲಿಯ ಮೇಲೆ ಕೂರಿಸಿ, ಕಾಫಿ ತರಿಸಿಕೊಟ್ಟು, “ನಾನೇನ್ ಮಾಡ್ಲವ್ವ, ಹೇಳಿದ್ ಕೇಳೋನು” ಎಂದು ತಾನೂ ಕಣ್ಣೊರೆಸಿಕೊಳ್ಳುವವನೂ ಇವನೇ. ಆ ಕಣ್ಣೀರು ನಿಜವಾದದ್ದು. ಒಡೆಯನಿಗೆ ಪಾಪವನ್ನು ಮಾಡುವ ಧೈರ್ಯವುಂಟು, ಕೈಗಳಿಲ್ಲ. ಇವನಿಗೆ ಕೈಗಳುಂಟು, ಪಾಪವು ಒಡೆಯನ ಲೆಕ್ಕಕ್ಕೆ ಸೇರಿತೆಂಬ ನೆಮ್ಮದಿಯೂ ಉಂಟು. ಈ ಲೆಕ್ಕಾಚಾರದ ದೆಸೆಯಿಂದಲೇ ಪ್ರಪಂಚದಲ್ಲಿ ಬದುವಿನ ಕಲ್ಲುಗಳು ಸರಿಯುತ್ತಿವೆಯೇ ಹೊರತು ಕೋರೆದಾಡೆಯವರ ಅಟ್ಟಹಾಸದಿಂದಲ್ಲ.

ಆಟದಲ್ಲಿ ಪ್ರತಿಯೊಂದು ಪಾತ್ರಕ್ಕೂ ಆರು ಗುಣಗಳಿಗೆ ಅಂಕಗಳುಂಟು: ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. ಆರು ಮುಖದ ಮೂರು ದಾಳಗಳ ಮೊತ್ತವಾದ್ದರಿಂದ 3ರಿಂದ 18ರವರೆಗೆ. ನಮ್ಮವನಿಗೆ ಬಲ 7, ಬುದ್ಧಿ 11, ವರ್ಚಸ್ಸು 3 ಎಂದು ಬರೆಸಿ, ತಾಳಿಕೆಗೆ ಮಾತ್ರ 18ನ್ನು ಕೊಟ್ಟೆ. ಕಚೇರಿಗಳ ಜಗುಲಿಯಲ್ಲಿ ಒಡೆಯನಿಗಾಗಿ ಅವನು ಕಾದ ಗಂಟೆಗಳನ್ನು ಬಲ್ಲವರು ಇದನ್ನು ಹೆಚ್ಚೆನ್ನಲಾರರು. ಹಳೆಯ ನಿಯಮಾವಳಿಯಲ್ಲಿ ಒಂದು ರಸವತ್ತಾದ ವಿಧಿಯಿದೆಯೆಂದು ತಿಳಿದು ನನಗೆ ಆ ಅಮೆರಿಕದವರ ಮೇಲೆ ಗೌರವ ಹುಟ್ಟಿತು: ಆಳುಗಳ ನಿಷ್ಠೆಯು ಒಡೆಯನ ವರ್ಚಸ್ಸನ್ನು ಅವಲಂಬಿಸಿರುತ್ತದೆ, ಸಂಕಟ ಒದಗಿದಾಗ ಎರಡು ದಾಳಗಳನ್ನು ಎಸೆದು ಅವರು ನಿಲ್ಲುವರೋ ಓಡುವರೋ ನೋಡಬೇಕು. ಆದರೆ ಅವರು ಸಂಕಟವೆಂದುಕೊಂಡದ್ದು ಕತ್ತಿ, ಬೆಂಕಿ, ರಕ್ತಪಾತ. ನಮ್ಮ ಕಡೆಯ ಬಂಟನು ಇವಕ್ಕೆ ಜಗ್ಗುವವನಲ್ಲ. ಊರಿನಲ್ಲಿ ಅವನ ಹೆಸರನ್ನು ಬಲ್ಲವರಿಲ್ಲ. ಅವನು ‘ಸಾವ್ಕಾರ್ರ ಕಡೆಯವನು’. ಆದುದರಿಂದ ಯಾರಾದರೂ ಅವನ ಹೆಸರನ್ನು ಕೇಳಿದರೆ, ಅಥವಾ ಊಟವಾಯಿತೇ ಎಂದು ವಿಚಾರಿಸಿದರೆ, ಆಗ ದಾಳವನ್ನು ಎಸೆ ಎಂದು ಸೋದರಳಿಯನಿಗೆ ಕಟ್ಟಪ್ಪಣೆ ಮಾಡಿದೆ.

ಆಟ ನಡೆಯಿತು. ವೀರನು ಕತ್ತಿಯನ್ನೆತ್ತಿದನು, ಬಂಟನು ಸಾವ್ಕಾರರು ಪೂಜೆಗೆ ಕುಳಿತಿದ್ದಾರೆಂದನು. ಮಾಂತ್ರಿಕನು ಬೆಂಕಿಯ ಉಂಡೆಯನ್ನು ಎಸೆದನು. ಬಂಟನು ಸುಟ್ಟ ಟವೆಲನ್ನು ಕೊಡವಿ ಮಡಿಸಿಕೊಂಡು ಅದೇ ಮಾತನ್ನು ಹೇಳಿದನು. ಕಳ್ಳಿಯ ಪಾತ್ರ ವಹಿಸಿದ್ದ ಹುಡುಗಿ, ಹೊಳಲ್ಕೆರೆಯ ಕಡೆಯವಳು, ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, “ಅಣ್ಣಾ, ನಿಂದು ಊಟ ಆಯ್ತಾ?” ಎಂದಳು. ಎರಡು ದಾಳಗಳೂ ಆರಾರು ಬಿದ್ದವು. ಬೀಗದ ಕೈ ಹೊರಗೆ ಬಂದಿತು, ಗವಿಯ ಬಾಗಿಲು ತೆರೆಯಿತು; ಮಹಾಮಾಂತ್ರಿಕನ ವಧೆಯು ಅದರ ಮುಂದೆ ಸಪ್ಪೆಯಾದದ್ದರಿಂದ ಅದನ್ನು ಬೇಗನೆ ಮುಗಿಸಿದರು. ತರುವಾಯ ವಿಜಯಿಗಳನ್ನು ಕಾಣಲೆಂದು ಊರವರು ಅಹವಾಲುಗಳನ್ನು ಹಿಡಿದು ಕೋಟೆಯ ಬಾಗಿಲಿಗೆ ಬಂದರೆ, ಅಲ್ಲಿ ಬಿಳಿಯ ಅಂಗಿಯವನೊಬ್ಬನು ನಿಂತು, “ಅಕ್ಕಾವ್ರು ಪೂಜೆಗೆ ಕುಂತವ್ರೆ, ಆಮ್ಯಾಕೆ ಬರ್ರಿ” ಎನ್ನುತ್ತಿದ್ದನಂತೆ. ಇದನ್ನು ನಾನು ಬರೆದುಕೊಟ್ಟಿರಲಿಲ್ಲ, ಅವನೇ ಹೇಳಿಕೊಂಡನು.

ಓದುಗರಲ್ಲಿ ಈ ಆಟವನ್ನು ಆಡಿಸುವವರು ಯಾರಾದರೂ ಇದ್ದರೆ, ನನ್ನ ಬಂಟನನ್ನು ನಿಸ್ಸಂಕೋಚವಾಗಿ ಕರೆದುಕೊಂಡು ಹೋಗಬಹುದು. ಸಂಬಳವನ್ನು ಅವನು ಕೇಳುವುದಿಲ್ಲ. ಅವನನ್ನು ಕೊಲ್ಲಿಸಬೇಡಿರೆಂದಷ್ಟೇ ನನ್ನ ಪ್ರಾರ್ಥನೆ. ಬೀಗದ ಕೈಯನ್ನು ಮಾತ್ರ ಅವನಿಂದ ಮೊದಲ ದಿನವೇ ಇಸಿದುಕೊಂಡುಬಿಡಿ.