ಸ್ಪ್ರೇ ಡಬ್ಬಿಯ ಶೂರರಿಗೊಂದು ಬಿನ್ನವತ್ತಳೆ

ರಾತ್ರಿ ಅಡುಗೆಮನೆಯ ದೀಪ ಹಾಕಿದೊಡನೆ ಸ್ಪ್ರೇ ಡಬ್ಬಿ ಹಿಡಿದು ಸಿಂಕಿನ ಕೆಳಗೆ ಮುಗಿಬೀಳುವ ಸಮಸ್ತ ಗೃಹಸ್ಥರಿಗೆ, ಸಾಷ್ಟಾಂಗ ನಮಸ್ಕಾರಗಳು.

ಶಾಲು, ಹಾರ, ಹಣ್ಣಿನ ಬುಟ್ಟಿ ಮೂರನ್ನೂ ತಮ್ಮ ಮನೆಬಾಗಿಲಿಗೇ ತಲುಪಿಸುವ ಮನಸ್ಸಿತ್ತು. ಹಣ್ಣು ಬೆಳಗಾಗುವುದರೊಳಗೆ ಯಾರ ಪಾಲಾಗುತ್ತದೋ ಎಂಬ ಅನುಮಾನ ಬಂದು ಬರೀ ಪತ್ರ ಕಳುಹಿಸುತ್ತಿದ್ದೇನೆ. ತಾವು ಮಾಡುತ್ತಿರುವ ಸೇವೆ ಸಾಮಾನ್ಯದ್ದಲ್ಲ. ಯಾವ ವಿಷಕ್ಕೂ ಜಗ್ಗದ ಜಿರಲೆಯ ತಳಿಯನ್ನು ಸರ್ಕಾರದ ಅನುದಾನ ಕೇಳದೆ, ಸ್ವಂತ ಖರ್ಚಿನಲ್ಲಿ, ಡಬ್ಬಿಯ ಮೇಲೆ ಡಬ್ಬಿ ಖಾಲಿ ಮಾಡುತ್ತ ಅಭಿವೃದ್ಧಿಪಡಿಸುತ್ತಿದ್ದೀರಿ. ಕೃಷಿ ವಿಶ್ವವಿದ್ಯಾಲಯದವರು ಒಂದು ರಾಗಿ ತಳಿ ಬಿಡುಗಡೆ ಮಾಡಲು ವರ್ಷಗಟ್ಟಲೆ ಹೆಣಗುತ್ತಾರೆ. ತಮ್ಮ ಕೆಲಸ ಸಿಂಕಿನ ಕೆಳಗೆ ಸದ್ದಿಲ್ಲದೆ ಮುಗಿಯುತ್ತದೆ.

ಇದು ಬರೀ ಕುಹಕವಲ್ಲ, ಲೆಕ್ಕವಿಟ್ಟು ಹೇಳುವ ಮಾತು. ಅಂಗಡಿಯಲ್ಲಿ ಸಿಗುವ ಬಹುತೇಕ ಸ್ಪ್ರೇಗಳಲ್ಲಿರುವುದು ಪೈರೆಥ್ರಾಯ್ಡ್ ಗುಂಪಿನ ವಿಷ. ನೇರವಾಗಿ ಮೈಮೇಲೆ ಬಿದ್ದರೆ ಜಿರಲೆ ಅಂಗಾತ ಬಿದ್ದು ಕಾಲಾಡಿಸುತ್ತದೆ, ತಮಗೆ ಗೆದ್ದ ಸಮಾಧಾನ. ಆದರೆ ಬಯಲಿಗೆ ಬಂದು ತಮ್ಮ ಕಣ್ಣಿಗೆ ಬಿದ್ದದ್ದು ಆ ಸಂಸಾರದ ಸಣ್ಣದೊಂದು ಪಾಲು. ಉಳಿದವು ಕ್ಯಾಬಿನೆಟ್ಟಿನ ಹಿಂಜಿನ ಸಂದಿಯಲ್ಲಿ, ಫ್ರಿಜ್ಜಿನ ಮೋಟಾರಿನ ಬಿಸಿಯಲ್ಲಿ, ಮಿಕ್ಸಿಯ ತಳದಲ್ಲಿ ನೆಮ್ಮದಿಯಾಗಿರುತ್ತವೆ. ವಿಷದ ಸೋಂಕು ತಗುಲಿದರೆ ಇನ್ನೂ ಒಳಕ್ಕೆ ಸರಿಯುತ್ತವೆ, ಇಲ್ಲವೇ ಹಾಲ್‌ಗೆ ವಲಸೆ ಹೋಗುತ್ತವೆ. ಅರೆಬರೆ ವಿಷ ಕುಡಿದೂ ಬದುಕಿ ಉಳಿದದ್ದು ಮರಿ ಮಾಡುತ್ತದೆ, ಸತ್ತದ್ದು ಮಾಡುವುದಿಲ್ಲ. ತಮ್ಮ ತಳಿ ಸಂಶೋಧನೆಯ ಗುಟ್ಟು ಇಷ್ಟೇ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಜನವಸತಿಯ ಅಪಾರ್ಟ್‌ಮೆಂಟುಗಳಲ್ಲಿ ಆರು ತಿಂಗಳು ಪ್ರಯೋಗ ನಡೆಸಿ 2019ರಲ್ಲಿ ವರದಿ ಪ್ರಕಟಿಸಿದರು. ಒಂದೇ ಪೀಳಿಗೆಯಲ್ಲಿ ಪ್ರತಿರೋಧ ನಾಲ್ಕರಿಂದ ಆರು ಪಟ್ಟು ಏರಿದ್ದನ್ನು ಅವರು ಕಂಡರು. ಒಂದು ವಿಷವನ್ನು ಅರಗಿಸಿಕೊಂಡವು ಎಂದೂ ನೋಡದ ಇನ್ನೊಂದು ವಿಷವನ್ನೂ ತಡೆದುಕೊಂಡವು. ಅದೇ ವರ್ಷ ಉತ್ತರ ಕೆರೊಲಿನಾದ ಮನೆಗಳಲ್ಲಿ ಕೋಣೆ ತುಂಬ ಹೊಗೆಯಂತೆ ವಿಷ ಉಗುಳುವ ಫಾಗರ್‌ಗಳ ಪರೀಕ್ಷೆಯೂ ನಡೆಯಿತು. ಫಾಗರ್ ಎಂದರೆ ತಮ್ಮ ಡಬ್ಬಿಯ ಅಣ್ಣ. ಜಿರಲೆಗಳ ಸಂಖ್ಯೆ ಇಳಿಯಲಿಲ್ಲ, ಅಡುಗೆಮನೆಯ ನೆಲ-ಕಟ್ಟೆಗಳ ಮೇಲೆ ವಿಷದ ಅಂಶ ಮಾತ್ರ ಏರಿತು. ಬಾಧೆ ಜಿರಲೆಗೋ ಮನೆಯವರಿಗೋ ಎಂಬುದನ್ನು ತಾವೇ ತೀರ್ಮಾನಿಸಬೇಕು.

ಇಷ್ಟಕ್ಕೂ ತಾವು ಯಾರ ಮೇಲೆ ಯುದ್ಧ ಸಾರಿದ್ದೀರಿ ಎಂಬುದಾದರೂ ತಮಗೆ ಗೊತ್ತೇ? ನಮ್ಮ ಮನೆಗಳಲ್ಲಿ ಮುಖ್ಯವಾಗಿ ಕಾಣುವವು ಎರಡು ಬಗೆ. ನಾಲ್ಕು ಸೆಂಟಿಮೀಟರಿನಷ್ಟು ಉದ್ದದ, ಕೆಂಪು ಮಿಶ್ರಿತ ಕಂದು ಬಣ್ಣದ, ಬಚ್ಚಲ ಜಾಲರಿಯಿಂದ ಮೀಸೆ ಆಡಿಸುತ್ತ ಹೊರಬರುವ ದೊಡ್ಡದು ಅಮೆರಿಕನ್ ಜಿರಲೆ. ಅದರ ಬಿಡಾರ ಮೋರಿ, ಚೇಂಬರು, ಡ್ರೈನೇಜ್ ಪೈಪು. ಮನೆಯೊಳಗೆ ಅದು ಹೆಚ್ಚಾಗಿ ಅತಿಥಿ. ಬಚ್ಚಲ ಜಾಲರಿಗೆ ಮುಚ್ಚಳ, ಪೈಪು ಗೋಡೆ ಹೊಗುವಲ್ಲಿ ಸಿಮೆಂಟು, ಬಾಗಿಲಿನ ಅಡಿಸಂದಿಗೆ ಪಟ್ಟಿ, ಇಷ್ಟಾದರೆ ಅದರ ದಾರಿ ಬಹುಮಟ್ಟಿಗೆ ಮುಚ್ಚಿದಂತೆ. ಎಲ್ಲರೂ ಹೌಹಾರುವುದು ಇದನ್ನು ಕಂಡೇ. ಹೆದರಬೇಕಾದದ್ದು ಇನ್ನೊಂದಕ್ಕೆ. ಸುಮಾರು ಒಂದೂವರೆ ಸೆಂಟಿಮೀಟರಿನ, ತಿಳಿಕಂದು ಬಣ್ಣದ, ಕತ್ತಿನ ಮೇಲೆ ಎರಡು ಕಪ್ಪು ಗೆರೆ ಎಳೆದುಕೊಂಡ ಜರ್ಮನ್ ಜಿರಲೆ ಅಡುಗೆಮನೆಯ ಕಾಯಂ ನಿವಾಸಿ. ಹೆಸರಿಗೆ ಜರ್ಮನ್. 2024ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ಹೇಳುವಂತೆ ಸುಮಾರು 2,100 ವರ್ಷಗಳ ಹಿಂದೆ ಅದು ಹುಟ್ಟಿದ್ದು ಭಾರತದಲ್ಲಿ ಅಥವಾ ಮ್ಯಾನ್ಮಾರಿನಲ್ಲಿ. ವಿದೇಶಿ ಕೈವಾಡ ಎಂದು ದೂರುವ ಅವಕಾಶವೂ ತಮಗಿಲ್ಲ. ಹೆಣ್ಣು ಒಂದು ಕೋಶದಲ್ಲಿ 30ರಿಂದ 40 ಮೊಟ್ಟೆಗಳನ್ನು ಬಾಲದಂಚಿಗೆ ಕಚ್ಚಿಸಿಕೊಂಡು, ಮರಿ ಹೊರಬೀಳುವ ಹೊತ್ತಿನವರೆಗೂ ಹೊತ್ತು ತಿರುಗುತ್ತದೆ. ಕ್ಯಾಬಿನೆಟ್ಟಿನ ಬಾಗಿಲು ತೆರೆದು ಟಾರ್ಚ್ ಬಿಟ್ಟು ನೋಡಿ. ಹಿಂಜಿನ ಸುತ್ತ ಕಾಫಿಪುಡಿ ಉದುರಿದ ಹಾಗೆ ಕಪ್ಪು ಚುಕ್ಕೆಗಳಿದ್ದರೆ ಅದು ಅವುಗಳ ಹಿಕ್ಕೆ. ಅದರ ವಾಸನೆಯೇ ಉಳಿದವನ್ನು ಅಲ್ಲಿಗೆ ಕರೆಯುತ್ತದೆ. ನಡುಹಗಲಲ್ಲೇ ಜಿರಲೆ ಅಡ್ಡಾಡುತ್ತಿದ್ದರೆ ಒಳಗೆ ಜಾಗ ಸಾಲುತ್ತಿಲ್ಲವೆಂದೇ ತಿಳಿಯಿರಿ. ಅನುಮಾನವಿದ್ದರೆ ಅಂಟುಹಲಗೆಗಳನ್ನು ಗೋಡೆಯ ಅಂಚಿಗೆ ತಾಗಿಸಿ ಇಟ್ಟು ಬೆಳಿಗ್ಗೆ ನೋಡಿ. ಯಾವ ಮೂಲೆಯ ಹಲಗೆಗೆ ಮರಿಗಳು ಹೆಚ್ಚು ಅಂಟಿವೆಯೋ ಗೂಡು ಅದರ ಹತ್ತಿರದಲ್ಲೇ ಇದೆ.

ಗೂಡು ಗೊತ್ತಾದ ಮೇಲೆ ಜೆಲ್ ಬೇಟ್. ಫಿಪ್ರೊನಿಲ್ ಅಥವಾ ಇಮಿಡಾಕ್ಲೊಪ್ರಿಡ್ ವಿಷ ಬೆರೆತ ಆಹಾರವನ್ನು ಮೂರ್ನಾಲ್ಕು ಮಿಲಿಮೀಟರಿನ ಚುಕ್ಕೆಗಳಾಗಿ ಸಂದಿಗಳ ಒಳಗೆ, ಹಲವು ಕಡೆ ಹಚ್ಚಬೇಕು. ಇದರಲ್ಲಿ ವೀರಾವೇಶಕ್ಕೆ ಅವಕಾಶವಿಲ್ಲ, ಕಣ್ಣೆದುರು ಯಾರೂ ಕಾಲಾಡಿಸುವುದಿಲ್ಲ, ಹಾಗಾಗಿ ತಮಗೆ ರುಚಿಸದಿರಬಹುದು. ತಿಂದ ಜಿರಲೆ ಗೂಡಿಗೆ ಮರಳಿ ಸಾಯುತ್ತದೆ. ಅದರ ಹಿಕ್ಕೆಯನ್ನು, ಹೆಣವನ್ನು ತಿಂದ ಮರಿಗಳೂ ಸಾಯುತ್ತವೆ. ಅವುಗಳ ಅಸಹ್ಯ ಚಾಳಿಯೊಂದು ನಮ್ಮ ಪರವಾಗಿ ಕೆಲಸ ಮಾಡುವುದು ಇಲ್ಲಿ ಮಾತ್ರ. ಉತ್ತರ ಕೆರೊಲಿನಾದಲ್ಲಿ ಫಾಗರು ಸೋತಾಗ ಜೆಲ್ ಇಟ್ಟ ಮನೆಗಳಲ್ಲಿ ಜಿರಲೆ ಇಳಿದಿತ್ತು.

ಇನ್ನು ತಮ್ಮ ಆಕ್ಷೇಪಗಳು. ‘ನಮ್ಮ ಮನೆ ಕನ್ನಡಿಯಂತಿದೆ, ನಮಗೇಕೆ ಜಿರಲೆ?’ ಅವು ಬರುವುದು ಸಾಮಾನು ತಂದ ರಟ್ಟಿನ ಡಬ್ಬದಲ್ಲಿ, ಹಳೆಯ ಫ್ರಿಜ್ಜಿನಲ್ಲಿ, ಪಕ್ಕದ ಮನೆಯ ಪೈಪಿನ ಸಂದಿಯಲ್ಲಿ. ಶುಚಿತ್ವ ಅವುಗಳ ಬರವನ್ನು ತಡೆಯದು, ಬೆಳವಣಿಗೆಯನ್ನು ತಡೆದೀತು. ಅದರಲ್ಲೂ ನೀರು. ನೀರಿದ್ದರೆ ಆಹಾರವಿಲ್ಲದೆಯೂ ತಿಂಗಳು ತಳ್ಳುವ ಜರ್ಮನ್ ಜಿರಲೆಗೆ ನೀರಿಲ್ಲದೆ ಎರಡು ವಾರ ಕಳೆಯುವುದು ಕಷ್ಟ. ಆದ್ದರಿಂದ ರಾತ್ರಿ ಸಿಂಕ್ ಒರೆಸುವುದು, ತೊಟ್ಟಿಕ್ಕುವ ನಲ್ಲಿಗೆ ವಾಷರ್ ಹಾಕಿಸುವುದು ಡಬ್ಬಿಗಿಂತ ದೊಡ್ಡ ಆಯುಧ. ‘ಮಕ್ಕಳಿರುವ ಮನೆ, ವಿಷದ ಜೆಲ್ ಇಡುವುದೇ?’ ಗಾಳಿಯಲ್ಲಿ, ತಟ್ಟೆ ಲೋಟದ ಮೇಲೆ ವಿಷ ಚಿಮುಕಿಸುವಾಗ ಏಳದ ಈ ಪ್ರಶ್ನೆ ಹಿಂಜಿನೊಳಗಿನ ಚುಕ್ಕೆಗೆ ಏಳುವುದು ವಿಚಿತ್ರ. ಮಕ್ಕಳ ಬಗ್ಗೆ ನಿಜವಾದ ಕಾಳಜಿ ಇದ್ದರೆ ಜಿರಲೆಯ ಹಿಕ್ಕೆ, ಪೊರೆಯ ಪುಡಿ ಉಬ್ಬಸಕ್ಕೆ ಕಾರಣವಾಗುತ್ತದೆಂಬುದೂ ನೆನಪಿರಲಿ. ಅಮೆರಿಕದ ನಗರಗಳ ಬಡ ಬಡಾವಣೆಗಳಲ್ಲಿ ಉಬ್ಬಸವಿರುವ ಮಕ್ಕಳನ್ನು ಕುರಿತ 1997ರ ಅಧ್ಯಯನದಲ್ಲಿ, ಜಿರಲೆಯ ಅಲರ್ಜಿಯೂ ಇದ್ದು ಮನೆಯಲ್ಲಿ ಜಿರಲೆಯೂ ಹೆಚ್ಚಿದ್ದ ಮಕ್ಕಳು ಆಸ್ಪತ್ರೆ ಸೇರುವ ಪ್ರಮಾಣ ಉಳಿದವರಿಗಿಂತ ಮೂರು ಪಟ್ಟಿಗೂ ಮೀರಿತ್ತು. ‘ರಾಸಾಯನಿಕವೇ ಬೇಡ’ ಎನ್ನುವವರು ಪಲಾವ್ ಎಲೆ, ಲವಂಗ ಇಟ್ಟು ಕಾಯುತ್ತಾರೆ. ಅವನ್ನು ಪಲಾವಿಗೇ ಹಾಕುವುದು ಲೇಸು. ಪ್ಲಗ್ಗಿಗೆ ಸಿಕ್ಕಿಸುವ ಅಲ್ಟ್ರಾಸೋನಿಕ್ ಯಂತ್ರದ ಜಾಹೀರಾತುಗಳ ಬಗ್ಗೆ ಅಮೆರಿಕದ ವ್ಯಾಪಾರ ಆಯೋಗ 2001ರಲ್ಲೇ 60ಕ್ಕೂ ಹೆಚ್ಚು ತಯಾರಕರು ಮತ್ತು ಮಾರಾಟಗಾರರಿಗೆ ಎಚ್ಚರಿಕೆ ಕೊಟ್ಟಿತ್ತು. ಕೇರಂ ಬೋರ್ಡಿಗೆ ಉದುರಿಸುವ ಬೋರಿಕ್ ಪುಡಿ ಮಾತ್ರ ಹಳೆಯ, ನಂಬಬಹುದಾದ ಮದ್ದು. ಸಂದಿಯೊಳಗೆ ತೆಳ್ಳಗೆ ಉದುರಿಸಿದರೆ, ಒಣಗಿದ್ದಷ್ಟು ದಿನ ಕೆಲಸ ಮಾಡುತ್ತದೆ. ಅದೂ ವಿಷವೇ, ಮಕ್ಕಳ ಕೈಗೆ ಸಿಗಬಾರದು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇದು: ‘ಜೆಲ್‌ಗೂ ಅವು ಒಗ್ಗಿಕೊಳ್ಳುವುದಿಲ್ಲವೇ?’ ಒಗ್ಗಿಕೊಳ್ಳುತ್ತವೆ. ಬೇಟ್‌ನಲ್ಲಿ ಬೆರೆಸುತ್ತಿದ್ದ ಗ್ಲೂಕೋಸನ್ನೇ ಒಲ್ಲೆನ್ನುವ ಜರ್ಮನ್ ಜಿರಲೆಗಳು ಅಮೆರಿಕದಲ್ಲಿ ಹುಟ್ಟಿಕೊಂಡದ್ದು 1993ರಲ್ಲೇ ವರದಿಯಾಯಿತು. ಅವುಗಳ ನಾಲಗೆಗೆ ಗ್ಲೂಕೋಸ್ ಕಹಿಯೆಂದು ಮುಟ್ಟುತ್ತದೆಂಬುದನ್ನು 2013ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಅಂದರೆ ಜೆಲ್ ಕೂಡ ರಾಮಬಾಣವಲ್ಲ. ಹಲಗೆಗೆ ಅಂಟುವವು ಇಳಿಯದಿದ್ದರೆ ಬೇರೆ ವಿಷದ, ಬೇರೆ ಆಹಾರದ ಜೆಲ್‌ಗೆ ಬದಲಿಸಬೇಕು. ಎಣಿಸುವ ಅಭ್ಯಾಸವಿದ್ದವರಿಗೆ ಮಾತ್ರ ಇದು ಸಾಧ್ಯ. ಡಬ್ಬಿ ಎಣಿಸುವುದನ್ನು ಕಲಿಸುವುದಿಲ್ಲ, ಅದರ ಜಗಳವೆಲ್ಲ ಎದುರು ಕಂಡ ಒಂದರ ಜೊತೆ.

ಹೀಗಾಗಿ ತಮ್ಮಲ್ಲಿ ಒಂದು ಬಿನ್ನಹ. ಜೆಲ್ ಇಟ್ಟ ಕಡೆ ಸ್ಪ್ರೇ ಹೊಡೆಯಬೇಡಿ, ಹೊಡೆದರೆ ಆ ಜೆಲ್‌ನ ಹತ್ತಿರಕ್ಕೂ ಜಿರಲೆಗಳು ಸುಳಿಯುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿದ್ದರೆ ಅಸೋಸಿಯೇಷನ್ನಿನ ಮುಂದಿನ ಸಭೆಯಲ್ಲಿ ಪಾರ್ಕಿಂಗ್ ಜಗಳ ಶುರುವಾಗುವ ಮೊದಲೇ ಈ ವಿಷಯ ಎತ್ತಿ. ಮೇಲಿಂದ ಕೆಳಗಿನವರೆಗೆ ಒಂದೇ ಪೈಪಿಗೆ ಸೇರಿದ ಎಲ್ಲ ಅಡುಗೆಮನೆಗಳಿಗೂ ಒಂದೇ ವಾರದಲ್ಲಿ ಜೆಲ್ ಇಡಿಸಿ, ತಿಂಗಳಿಗೊಮ್ಮೆ ಅಂಟುಹಲಗೆ ನೋಡುವ ಹೊಣೆಯನ್ನು ಯಾರಿಗಾದರೂ ವಹಿಸಿ.

ಇತಿ ತಮ್ಮ ಹಿತೈಷಿ.